ಬೇಗ ಕೂತ್ಕೊಳ್ಳಿ, ಬೇಗ ತಿನ್ನಿ

ಕೇಳುಗರಿಗೆ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತಿನ ಮಾತು ಹಾಂಗ್‌ಕಾಂಗಿನ ಸುಟ್ಟ ಮಾಂಸದ ಅಂಗಡಿಗಳ ಬಗ್ಗೆ, ಹಾಗಾಗಿ ಹಂದಿ ಮಾಂಸ ಜಾಸ್ತಿ ಇದೆ. ಹೆಬ್ಬಾತು ಇದೆ, ಕೋಳಿ ಇದೆ. ಸಸ್ಯಾಹಾರಿಗಳು ನೂಡಲ್ಸ್ ಬರುವ ತನಕ ಕಾಯೋಣ ಅಂದುಕೊಂಡರೆ ಅದರೊಳಗೂ ಸೀಗಡಿ ಇದೆ. ನಿಮ್ಮ ಪಾಲಿಗೆ ಇರುವುದು ಚಹಾ ಮಾತ್ರ. ಅದನ್ನು ಬಿಟ್ಟಿ ಕೊಡುತ್ತಾರೆ, ಅದರ ಕಥೆಯೂ ಬರುತ್ತದೆ.

ನಾನು ಕೊಡಗಿನವನು. 2016ರಿಂದ 2018ರವರೆಗೆ ಕೆಲಸದ ಮೇಲೆ ಹಾಂಗ್‌ಕಾಂಗ್‌ನಲ್ಲಿದ್ದೆ. ಶಾಮ್ ಶುಯಿ ಪೋ ಅನ್ನುವ ಕಡೆ ರೂಮು. ಬೆಂಗಳೂರಿನ ಎಸ್‌.ಪಿ. ರೋಡನ್ನೂ ಚಿಕ್ಕಪೇಟೆಯನ್ನೂ ಒಂದೇ ಕಡೆ ತಂದು ಹಾಕಿ, ಅದರ ಮೇಲೆ ಹತ್ತಿಪ್ಪತ್ತು ಅಂತಸ್ತು ಮನೆ ಕಟ್ಟಿದರೆ ಹೇಗಿರುತ್ತದೋ ಹಾಗಿದೆ ಆ ಜಾಗ. ಒಂದು ಬೀದಿಯಲ್ಲಿ ಪೂರ್ತಿ ವೈರು, ಚಾರ್ಜರು, ಹಳೇ ರೇಡಿಯೋ. ಅದರಾಚೆ ಬಟ್ಟೆ, ಗುಂಡಿ, ಲೇಸು. ಅಲ್ಲಿ ಬದುಕುವವರು ದುಡ್ಡು ಎಣಿಸಿ ಖರ್ಚು ಮಾಡುವ ಜನ, ಹಾಗಾಗಿ ಊಟ ಅಗ್ಗ, ಚೆನ್ನಾಗೂ ಇರುತ್ತದೆ.

ಹೋದ ಮೊದಲ ಸಂಜೆಯೇ ಒಂದು ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟೆ. ಒಳಗೆ ಹಳದಿ ಬಲ್ಬು. ಕೆಳಗೆ ಸಾಲಾಗಿ ಕೊಕ್ಕೆಗೆ ನೇತುಹಾಕಿದ ಹೆಬ್ಬಾತುಗಳು, ಮೈಯೆಲ್ಲ ಮೆರುಗು ಕೊಟ್ಟ ಬೀಟೆ ಮರದ ಬಣ್ಣ, ಬಾಲದ ತುದಿಯಿಂದ ಕೊಬ್ಬು ತಟ್ಟೆಗೆ ತೊಟ್ಟಿಕ್ಕುತ್ತಿದೆ. ಪಕ್ಕದಲ್ಲಿ ಕೆಂಪಗೆ ಉದ್ದುದ್ದ ಹಂದಿ ಮಾಂಸದ ಪಟ್ಟಿಗಳು, ಆಮೇಲೆ ಚರ್ಮವೆಲ್ಲ ಗುಳ್ಳೆ ಎದ್ದು ಚಕ್ಕುಲಿ ಬಣ್ಣಕ್ಕೆ ತಿರುಗಿದ ಒಂದು ದೊಡ್ಡ ಹಲಗೆಯಂಥ ಹಂದಿ ಮಾಂಸ, ಕೊನೆಗೆ ಸೋಯಾ ಸಾಸಿನಲ್ಲಿ ಬೆಂದ ಕಪ್ಪು ಕೋಳಿ. ಇದಕ್ಕೆಲ್ಲ ಸೇರಿಸಿ ಅವರಲ್ಲಿ ಸಿಯು ಮೇ ಅನ್ನುತ್ತಾರೆ, ಅಂದರೆ ಸುಟ್ಟ ಮಾಂಸದ ತಿನಿಸುಗಳು. ಕ್ಯಾಂಟನೀಸ್ ಮಾತಾಡುವ ಆ ದಕ್ಷಿಣ ಚೀನಾ ಕಡೆಯ ಜನರ ದಿನನಿತ್ಯದ ಊಟ ಇದು. ಹಬ್ಬಕ್ಕೆ ಮಾತ್ರ ಮಾಡುವಂಥದ್ದಲ್ಲ.

ಒಳಗೆ ಹೋದೆ. ಗೋಡೆ ತುಂಬ ಚೀನೀ ಅಕ್ಷರ. ಆಫೀಸಿನವರು ಒಂದೇ ಒಂದು ಪದ ಹೇಳಿಕೊಟ್ಟಿದ್ದರು: ಸಿಯು ಙೋ, ಸುಟ್ಟ ಹೆಬ್ಬಾತು. ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿದ್ದೇ ಬಂತು, ಆ ಙ ಇಟ್ಟುಕೊಂಡು ಶುರುವಾಗುವ ಪದ ಕನ್ನಡದಲ್ಲಿ ನಾನಂತೂ ಒಂದನ್ನೂ ಆಡಿಲ್ಲ. ಆ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿದ್ದು ಹಾಂಗ್‌ಕಾಂಗ್‌ನಲ್ಲಿ. ಜೋರಾಗಿ ಹೇಳಿದೆ. ಮಾಂಸ ಕತ್ತರಿಸುವ ಮನುಷ್ಯ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಕತ್ತಿಯ ತುದಿಯಿಂದ ನನ್ನನ್ನೇ ತೋರಿಸಿ ಏನೋ ಕೇಳಿದ. ಸಾಲಿನಲ್ಲಿದ್ದವರು ನಕ್ಕರು. ಏನಾಯಿತು ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಙೋ ಅನ್ನುವಾಗ ಸ್ವರ ಕೆಳಗಿಳಿದರೆ ಹೆಬ್ಬಾತು, ಮೇಲೇರಿದರೆ "ನಾನು". ಪ್ರಶ್ನೆ ಕೇಳುವವನ ಹಾಗೆ ನಾನು ಸ್ವರ ಎತ್ತಿದ್ದೆ. "ನನ್ನನ್ನು ಸುಡಿ" ಅಂದ ಹಾಗಾಯಿತು, ಅದೂ ಕತ್ತಿ ಹಿಡಿದವನ ಮುಂದೆ.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಸುಮ್ನೆ ತಲೆ ಆಡಿಸಿದೆ. "ತೊಡೆ ಬೇಕಾ" ಅಂತ ಕೇಳಿದ್ದಂತೆ. ತೊಡೆಗೆ ರೇಟು ಬೇರೆ. ಬಿಲ್ಲು ಗೋಡೆಯ ಮೇಲಿದ್ದ ರೇಟಿನ ಹತ್ತತ್ತಿರ ಎರಡರಷ್ಟು ಬಂತು. ಮೋಸ ಏನಿಲ್ಲ, ತಲೆ ಆಡಿಸಿದ್ದು ನಾನೇ ಅಲ್ವಾ.

ಈ ಅಂಗಡಿಗಳಲ್ಲಿ ಕೂರುವ ಕ್ರಮ ಗೊತ್ತಿಲ್ಲದಿದ್ದರೆ ಮೊದಲು ಸ್ವಲ್ಪ ಬೇಜಾರಾಗುತ್ತದೆ. ಬಾಗಿಲಲ್ಲಿ ನಿಂತರೆ ಯಾರೂ "ಬನ್ನಿ ಸಾರ್" ಅನ್ನುವುದಿಲ್ಲ. ಒಬ್ಬ ಹೆಂಗಸು ಒಂದು ಬೆರಳು ಎತ್ತುತ್ತಾಳೆ, ಒಬ್ಬರೇನಾ ಅಂತ. ನಾವೂ ಒಂದು ಬೆರಳು ಎತ್ತಬೇಕು. ತಕ್ಷಣ ಯಾರೋ ಮೂರು ಜನ ಉಣ್ಣುತ್ತಿರುವ ಮೇಜಿನ ನಾಲ್ಕನೇ ಸ್ಟೂಲು ತೋರಿಸುತ್ತಾಳೆ. ಇದಕ್ಕೆ ದಾಪ್ ತೋಯ್ ಅಂತ ಹೆಸರು, ಮೇಜು ಹಂಚಿಕೊಳ್ಳುವುದು. ಎದುರಿಗಿರುವವರು ತಲೆ ಎತ್ತುವುದಿಲ್ಲ, ತಟ್ಟೆಯನ್ನು ಎರಡು ಬೆರಳಷ್ಟು ತಮ್ಮ ಕಡೆ ಎಳೆದುಕೊಳ್ಳುತ್ತಾರೆ ಅಷ್ಟೇ. ಮಾತಿಲ್ಲ, ನಗುವಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಬೆಳಿಗ್ಗೆ ಗೊತ್ತಿಲ್ಲದವರ ಎದುರು ಕೂತು ದೋಸೆ ತಿಂದವರಿಗೆ ಇದು ಹೊಸದೇನಲ್ಲ. ಆದರೆ ಅಲ್ಲಿ ಎದುರಿಗಿದ್ದವರು ಒಂದೆರಡು ನಿಮಿಷದಲ್ಲಿ ನಿಮ್ಮ ಊರು ಯಾವುದು ಅಂತ ಕೇಳಿಬಿಡುತ್ತಾರೆ. ಇಲ್ಲಿ ಎರಡು ವರ್ಷದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಒಂಟಿಯಾಗಿ ಊರು ಬಿಟ್ಟು ಬಂದವನಿಗೆ ಅದು ಎಷ್ಟು ಆರಾಮ ಅಂತ ಹೇಳಿದರೆ ನಂಬುವುದಿಲ್ಲ. ಜನರ ನಡುವೆಯೇ ಇರುತ್ತೀರಿ, ಯಾರಿಗೂ ಏನೂ ವಿವರಿಸಬೇಕಿಲ್ಲ.

ಕೂತ ಕೂಡಲೇ ಬಿಸಿ ಚಹಾದ ಲೋಟ ಮೇಜಿನ ಮೇಲೆ ಟಕ್ ಅಂತ ಬೀಳುತ್ತದೆ. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಅದು ಕುಡಿಯೋಕೋ ತೊಳೆಯೋಕೋ ಅಂತ ನನಗೆ ಗೊತ್ತಾಗಲಿಲ್ಲ. ಎದುರಿನ ಅಜ್ಜಿ ಚಾಪ್‌ಸ್ಟಿಕ್ಕನ್ನೂ ಚಮಚವನ್ನೂ ಅದರಲ್ಲಿ ಅದ್ದಿ ಎರಡು ಸುತ್ತು ತಿರುಗಿಸಿ ತೆಗೆದರು. ಪಕ್ಕದಲ್ಲಿದ್ದ ಹುಡುಗ ಅದನ್ನೇ ಗಟಗಟ ಕುಡಿದ. ಎರಡೂ ಸರಿ.

ಆರ್ಡರ್ ಬರೆದುಕೊಳ್ಳುವುದು ನೋಡಬೇಕು. ಅಂಗೈಯಷ್ಟು ಚೀಟಿ, ಮೂರು ಗೀಟು. ಅನ್ನ ಅನ್ನುವ ಅಕ್ಷರ ಪೂರ್ತಿ ಬರೆಯಲು ಪುರುಸೊತ್ತಿಲ್ಲ ಅಂತ ಅದರ ಬಲಗಡೆಯ ಅರ್ಧ ಮಾತ್ರ ಗೀಚುತ್ತಾರೆ. ಲೆಮನ್ ಟೀ ಬೇಕಂದರೆ ಸೊನ್ನೆ ಹಾಕಿ ಪಕ್ಕದಲ್ಲಿ ಒಂದು ಇಂಗ್ಲಿಷ್ ಟಿ. ಅವರ ಭಾಷೆಯಲ್ಲಿ ಸೊನ್ನೆಗೆ ಲಿಂಗ್, ನಿಂಬೆಯ ಹೆಸರೂ ಬಹಳ ಜನರ ಬಾಯಲ್ಲಿ ಲಿಂಗ್ ಅಂತಲೇ ಶುರುವಾಗುತ್ತದೆ. ಸೊನ್ನೆ ಸುತ್ತುವುದು ಸುಲಭ.

ಈಗ ಆ ಕತ್ತರಿಸುವ ಮನುಷ್ಯನ ಹತ್ತಿರ ಹೋಗೋಣ. ನಾನು ಯಾವಾಗಲೂ ಅವನು ಕಾಣುವ ಜಾಗಕ್ಕೇ ಆಸೆಪಡುತ್ತಿದ್ದೆ. ದುಂಡನೆಯ ಮರದ ಕೊರಡು, ನಡುವೆ ಸವೆದು ಹಳ್ಳ ಬಿದ್ದಿದೆ. ಕೈಯಲ್ಲಿ ಅಗಲವಾದ ಒಂದೇ ಕತ್ತಿ. ಎಲುಬು ಒಡೆಯುವುದೂ ಅದರಲ್ಲೇ, ವೀಳ್ಯದೆಲೆಯಷ್ಟು ತೆಳ್ಳಗೆ ಸೀಳುವುದೂ ಅದರಲ್ಲೇ. ಕೊಕ್ಕೆಯಿಂದ ಹೆಬ್ಬಾತು ಇಳಿಸಿ ಮೊದಲು ಹೊಟ್ಟೆಯೊಳಗಿನ ರಸವನ್ನು ಬೋಗುಣಿಗೆ ಬಸಿಯುತ್ತಾನೆ. ಆಮೇಲೆ ಟಕ್ ಟಕ್ ಟಕ್, ಎಂಟು ಹತ್ತು ಏಟು. ತುಂಡುಗಳು ಚದುರುವುದಿಲ್ಲ, ಕತ್ತರಿಸಿಯೇ ಇಲ್ಲವೇನೋ ಅನ್ನುವ ಹಾಗೆ ಸಾಲಾಗಿ ಮಲಗಿರುತ್ತವೆ. ಕತ್ತಿಯನ್ನು ಅಡ್ಡ ಮಲಗಿಸಿ ಅಷ್ಟನ್ನೂ ಒಂದೇ ಸಲಕ್ಕೆ ಎತ್ತಿ ಅನ್ನದ ಮೇಲೆ ಜಾರಿಸುತ್ತಾನೆ. ಒಂದು ಸೌಟು ರಸ, ಎರಡು ಎಸಳು ಬೇಯಿಸಿದ ಸೊಪ್ಪು, ಮುಗಿಯಿತು. ಮುಂದಿನ ಚೀಟಿ.

ಕೆಂಪು ಪಟ್ಟಿಗಳ ಬಗ್ಗೆ ಹೇಳಿದೆನಲ್ಲ, ಅದು ಚಾ ಸಿಯು. ಚಾ ಅಂದರೆ ಕವಲು ಕಡ್ಡಿ, ಸಿಯು ಅಂದರೆ ಸುಡುವುದು. ಹಿಂದೆ ಕಡ್ಡಿಗೆ ಚುಚ್ಚಿ ಬೆಂಕಿಯ ಮೇಲೆ ಹಿಡಿಯುತ್ತಿದ್ದರು. ಈಗ ಪೀಪಾಯಿ ಥರದ ಉಕ್ಕಿನ ಒಲೆಯೊಳಗೆ ನೇತುಹಾಕುತ್ತಾರೆ. ಹಂದಿಯ ಭುಜದ ಮಾಂಸಕ್ಕೆ ಸೋಯಾ ಸಾಸು, ಸಕ್ಕರೆ, ಮಸಾಲೆ ಪುಡಿ, ಕೆಲವರು ಹುದುಗಿಸಿದ ಕೆಂಪು ಸೋಯಾ ಗಿಣ್ಣು ಕೂಡ ಹಚ್ಚಿ ನೆನೆಸಿಡುತ್ತಾರೆ. ಸುಟ್ಟಾದ ಮೇಲೆ ಮಾಲ್ಟೋಸ್, ಅಂದರೆ ಧಾನ್ಯದಿಂದ ತೆಗೆದ ಅಂಟು ಪಾಕ ಬಳಿಯುತ್ತಾರೆ. ಅಂಚುಗಳು ಕರಿಕಲಾಗಿರಬೇಕು. ಅಲ್ಲಿಯೇ ರುಚಿ ಇರುವುದು, ಗೊತ್ತಿದ್ದವರು ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಇನ್ನೊಂದು ಮಾತು ನಾನು ಬೇಗ ಕಲಿತೆ: ಪುನ್ ಫೇ ಸಾವ್, ಅರ್ಧ ಕೊಬ್ಬು ಅರ್ಧ ಮಾಂಸ. ಇದನ್ನು ಹೇಳದಿದ್ದರೆ ಒಣಕಲು ತುಂಡು ಸಿಗುವ ಸಾಧ್ಯತೆ ಇದೆ. ಪಂದಿ ಕರಿ ತಿಂದು ಬೆಳೆದವನಿಗೆ ಕೊಬ್ಬಿಲ್ಲದ ಹಂದಿ ಯಾಕೆ ಬೇಕು?

ಅಲ್ಲಿನ ತಾಯಂದಿರು ಮಕ್ಕಳಿಗೆ ಬೈಯುವಾಗಲೂ ಈ ಚಾ ಸಿಯು ಬರುತ್ತದೆ. "ನಿನ್ನನ್ನು ಹೆರುವ ಬದಲು ಒಂದು ತುಂಡು ಚಾ ಸಿಯು ಹೆತ್ತಿದ್ದರೆ ವಾಸಿ ಇತ್ತು" ಅನ್ನುತ್ತಾರೆ. ನಮ್ಮಲ್ಲಿ "ಒಂದು ಕಲ್ಲು ಹೆತ್ತಿದ್ದರೆ ಬಟ್ಟೆ ಒಗೆಯೋಕಾದ್ರೂ ಆಗ್ತಿತ್ತು" ಅಂತಾರಲ್ಲ, ಅದೇ. ಅವರದು ತಿನ್ನೋಕಾದರೂ ಆಗುತ್ತದೆ.

ಇಷ್ಟು ಇಷ್ಟದ ತಿನಿಸನ್ನು ಮನೆಯಲ್ಲಿ ಯಾಕೆ ಮಾಡುವುದಿಲ್ಲ ಅಂದರೆ, ಅಲ್ಲಿನ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಓವನ್ನು ಎಲ್ಲಿಡುವುದು? ಹಾಗಾಗಿ ಸಂಜೆ ಆರರ ಹೊತ್ತಿಗೆ ಗಾಜಿನ ಮುಂದೆ ಬೇರೆಯೇ ಸಾಲು ಶುರುವಾಗುತ್ತದೆ, ಮನೆಗೆ ಕಟ್ಟಿಸಿಕೊಂಡು ಹೋಗುವವರದು. ತೂಕ ಕ್ಯಾಟಿಯಲ್ಲಿ. ಒಂದು ಕ್ಯಾಟಿ ಅಂದರೆ ಸುಮಾರು 600 ಗ್ರಾಂ. ಮನೆಯಲ್ಲಿ ಅನ್ನ, ಸೊಪ್ಪು, ಸೂಪು ಇದ್ದೇ ಇರುತ್ತದೆ, ಮಾಂಸ ಇಲ್ಲಿಂದ.

ರೇಟು ಹೇಳಲಿಲ್ಲ ಅಲ್ವಾ. ನಾನಿದ್ದಾಗ ಚಾ ಸಿಯು ಅನ್ನ 40 ಡಾಲರ್ ಆಸುಪಾಸು. ಆಗ ಒಂದು ಹಾಂಗ್‌ಕಾಂಗ್ ಡಾಲರಿಗೆ ಎಂಟೂವರೆ ರೂಪಾಯಿ ಇಟ್ಟುಕೊಳ್ಳಿ, ಮುನ್ನೂರ ನಲವತ್ತು ಆಯಿತು. ಬೆಂಗಳೂರಿನ ಲೆಕ್ಕದಲ್ಲಿ ಅಗ್ಗ ಅನ್ನಿಸದೆ ಇರಬಹುದು, ಆದರೆ ಅಷ್ಟು ದುಬಾರಿ ಬಾಡಿಗೆಯ ಊರಿನಲ್ಲಿ ಅದು ನಿಜಕ್ಕೂ ಕಡಿಮೆ. ಆಫೀಸಿನ ಹತ್ತಿರ ತಣ್ಣಗಿನ ಸ್ಯಾಂಡ್‌ವಿಚ್ಚಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ. ಇದು ಹೇಗೆ ಸಾಧ್ಯ? ನೀವು ಹದಿನೈದು ನಿಮಿಷದಲ್ಲಿ ಎದ್ದು ಹೋಗುತ್ತೀರಿ, ಅದರಿಂದ ಸಾಧ್ಯ. ಒಂದು ಸ್ಟೂಲಿನ ಮೇಲೆ ಗಂಟೆಗೆ ನಾಲ್ಕು ಜನ. ಆ ಗಡಿಬಿಡಿಯನ್ನು ಕೆಲವರು ಒರಟುತನ ಅನ್ನುತ್ತಾರೆ, ನನ್ನ ಆಫೀಸಿನ ಒಬ್ಬರಂತೂ ಒಂದು ಸಲ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನನಗೆ ಹಾಗನ್ನಿಸಲಿಲ್ಲ. ಚರ್ಮ ಗರಿಗರಿ ಇರುವ ಆ ಹಂದಿ ಮಾಂಸ, ಸಿಯು ಯುಕ್, ಅದರ ಚರ್ಮಕ್ಕೆ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಉಪ್ಪು ಸವರಿ, ಒಣಗಿಸಿ, ಜೋರು ಬೆಂಕಿಯಲ್ಲಿ ಸುಡುತ್ತಾರೆ. ಹಾಂಗ್‌ಕಾಂಗಿನ ಹವೆಯಲ್ಲಿ ಅದನ್ನು ನಾಲ್ಕು ಗಂಟೆ ಬಿಟ್ಟರೆ ನಮ್ಮ ಮಡಿಕೇರಿಯ ಜುಲೈ ತಿಂಗಳ ಹಪ್ಪಳದ ಗತಿಯೇ. ಜನ ನುಗ್ಗುವ ಅಂಗಡಿಯಲ್ಲಿ ಅದಕ್ಕೆ ಮೆತ್ತಗಾಗಲು ಸಮಯವೇ ಸಿಗುವುದಿಲ್ಲ. ಖಾಲಿ ಅಂಗಡಿಯಲ್ಲಿ ನಗುನಗುತ್ತಾ ಕೂರಿಸಿ ಬಡಿಸುತ್ತಾರೆ, ಆದರೆ ಬಡಿಸುವುದು ಬೆಳಗಿನ ಮಾಂಸ. ಹಾಗಾಗಿ ಆ ಊರಿಗೆ ಹೋದರೆ ನೂಕುನುಗ್ಗಲು ಇರುವ ಕಡೆಯೇ ಹೋಗಿ ಅನ್ನುತ್ತೇನೆ.

ಆದರೆ ಮಿಶೆಲಿನ್ ಸ್ಟಾರ್, ಅಂದರೆ ಒಳ್ಳೆಯ ಹೋಟೆಲುಗಳಿಗೆ ಒಂದು ಫ್ರೆಂಚ್ ಗೈಡ್ ಕೊಡುವ ಮನ್ನಣೆ, ಇದೆ ಅಂತ ಕ್ಯೂ ನಿಲ್ಲುವುದು ಬೇರೆ ಕಥೆ. ಇಂಥ ಕೆಲವು ಅಂಗಡಿಗಳಿಗೂ ಆ ಸ್ಟಾರ್ ಬಂದಿದೆ. ಸಿಂಗಪುರದಲ್ಲಿ 2016ರಲ್ಲಿ ಒಂದು ಸೋಯಾ ಸಾಸ್ ಕೋಳಿಯ ಸಣ್ಣ ಮಳಿಗೆಗೇ ಕೊಟ್ಟರು, 2021ರಲ್ಲಿ ವಾಪಸ್ಸೂ ತೆಗೆದುಕೊಂಡರು. ಒಂದು ತಟ್ಟೆ ಅನ್ನಕ್ಕೆ ಎರಡು ಗಂಟೆ ನಿಲ್ಲುವಷ್ಟು ಭಕ್ತಿ ನನಗಿಲ್ಲ.

ನೂಡಲ್ಸ್ ಬಗ್ಗೆ. ಮೊಟ್ಟೆ ಹಾಕಿ ಕಲಸಿದ ಗೋಧಿಯ ಎಳೆ, ದಾರದಷ್ಟು ಸಣ್ಣದು. ಹಿಟ್ಟಿಗೆ ಕ್ಷಾರದ ನೀರು ಹಾಕುತ್ತಾರೆ, ಅದರಿಂದ ಹಲ್ಲಿಗೆ ಸಿಕ್ಕಾಗ ಟಿಕ್ ಅನ್ನುತ್ತದೆ. ಕುದಿಯುವ ನೀರಿನಲ್ಲಿ ಕೆಲವೇ ಸೆಕೆಂಡು, ತಣ್ಣೀರಿಗೆ ಒಮ್ಮೆ, ಮತ್ತೆ ಬಿಸಿನೀರಿಗೆ ಒಮ್ಮೆ. ಬಟ್ಟಲಲ್ಲಿ ಮೊದಲು ಚಮಚ, ಅದರ ಮೇಲೆ ವನ್ ತನ್ ಅನ್ನುವ ಸೀಗಡಿ ತುಂಬಿದ ಹಿಟ್ಟಿನ ಸಣ್ಣ ಕಡುಬುಗಳು, ಅವುಗಳ ಮೇಲೆ ನೂಡಲ್ಸ್. ಎಳೆಗಳು ಸಾರಿನಲ್ಲಿ ಮುಳುಗಿ ಮೆತ್ತಗಾಗದಿರಲಿ ಅಂತ ಹೀಗೆ. ಸಾರಿಗೆ ಒಣ ಮೀನು ಸುಟ್ಟು ಹಾಕಿ, ಹಂದಿ ಎಲುಬಿನ ಜೊತೆ ಕುದಿಸಿರುತ್ತಾರೆ. ಒಣ ಮೀನಿನ ವಾಸನೆಗೆ ಮಂಗಳೂರಿನವರಾದರೆ ಮನೆ ನೆನಪಾಗಿ ಕಣ್ಣೀರೇ ಬರಬಹುದು. ಬಟ್ಟಲು ಸಣ್ಣದು, ದೊಡ್ಡ ಹಸಿವಿಗೆ ಸಾಲದು.

ನನ್ನ ಊಟ ಮಾತ್ರ ಇನ್ನೊಂದು. ಸಿಯು ಙೋ ಲಾಯ್ ಫನ್. ಲಾಯ್ ಫನ್ ಅಂದರೆ ಅಕ್ಕಿಯ ಶ್ಯಾವಿಗೆ, ಬೆಳ್ಳಗೆ, ದಪ್ಪ, ನುಣುಪು. ಬಿಸಿ ಸಾರಿನಲ್ಲಿ ಅದು, ಮೇಲೆ ಹೆಬ್ಬಾತಿನ ತುಂಡು. ನಮ್ಮಲ್ಲಿ ನೂಪುಟ್ಟು, ಅಂದರೆ ಕೊಡಗಿನ ಅಕ್ಕಿ ಶ್ಯಾವಿಗೆ, ಮಾಡಿದ ದಿನ ಪಕ್ಕದಲ್ಲಿ ಮಾಂಸದ ಸಾರು ಇಲ್ಲದಿದ್ದರೆ ಮನೆಯಲ್ಲಿ ಮುಖ ಊದುತ್ತದೆ. ಮೊದಲ ಸಲ ಈ ಬಟ್ಟಲು ಮುಂದೆ ಬಂದಾಗ ಚಾಪ್‌ಸ್ಟಿಕ್ಕು ಬಿಟ್ಟು ಕೈ ಹಾಕುವ ಮನಸ್ಸಾಯಿತು. ಹಾಕಲಿಲ್ಲ, ಸಾರು ಸುಡುತ್ತಿತ್ತು.

2017ರಲ್ಲಿ ಅವ್ವ ಬಂದರು, ಮೂರು ವಾರಕ್ಕೆ. ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಎರಡು ಬೆರಳು ಎತ್ತಿದೆ, ಗೋಡೆಯ ಪಕ್ಕದ ಮೇಜಿನಲ್ಲಿ ಪೇಪರ್ ಓದುತ್ತಿದ್ದ ಒಬ್ಬ ಅಜ್ಜನ ಎದುರು ಜಾಗ ಸಿಕ್ಕಿತು. ಅವ್ವ ಚಾಪ್‌ಸ್ಟಿಕ್ಕನ್ನು ಮುಟ್ಟಲೇ ಇಲ್ಲ, ಚಮಚ ತೆಗೆದುಕೊಂಡರು. ಸಿಯು ಯುಕ್‌ನ ಒಂದು ತುಂಡು ಕಚ್ಚಿದರು. ಕರುಂ ಅಂದದ್ದು ನನಗೂ ಕೇಳಿಸಿತು. "ಚೆನ್ನಾಗಿದೆ, ಹುಳಿ ಬೇಕಿತ್ತು" ಅಂದರು. ಅಷ್ಟು ಕೊಬ್ಬಿಗೆ ಹುಳಿ ಬೇಕೇ ಬೇಕು ಅನ್ನುವುದು ಅವರ ವಾದ. ಅಂಗಡಿಯವರು ಹೆಬ್ಬಾತಿಗೆ ಪ್ಲಮ್ ಹಣ್ಣಿನ ಸಾಸು ಕೊಡುತ್ತಾರೆ, ಈ ಹಂದಿಗೆ ಸಾಸಿವೆಯ ಸಾಸು ಕೊಡುತ್ತಾರೆ. ಸಾಸಿವೆ ಅವ್ವನಿಗೆ ಮೂಗಿಗೆ ಹತ್ತಿತು. ಆಮೇಲೆ ಅವರು ಕೈಚೀಲದಿಂದ ಹಳೇ ಕೆಮ್ಮಿನ ಔಷಧಿಯ ಬಾಟಲಿ ತೆಗೆದರು. ಒಳಗೆ ಕಾಚಂಪುಳಿ. ಕಪ್ಪಗೆ ಮಂದವಾದ ನಮ್ಮ ಹುಳಿ, ವಿಮಾನದಲ್ಲಿ ಮೂರು ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಬಂದದ್ದು.

ಎರಡೇ ಹನಿ ಹಾಕಿಕೊಂಡರು. ಅಜ್ಜ ಪೇಪರು ಕೆಳಗಿಟ್ಟು ನೋಡಿದರು. ಅವ್ವ ಸುಮ್ಮನಿರಬೇಕಲ್ಲ, ಕೇಳದೆ ಅವರ ತಟ್ಟೆಯ ಅಂಚಿಗೂ ಒಂದು ಹನಿ ಬಿಟ್ಟರು. ನನಗೆ ಜೀವ ಬಾಯಿಗೆ ಬಂತು. ಅವರು ಒಂದು ತುಂಡು ಅದ್ದಿ ತಿಂದು, ಕಣ್ಣು ಬಿಗಿಯಾಗಿ ಮುಚ್ಚಿ, ಅರ್ಧ ಲೋಟ ಚಹಾ ಕುಡಿದು, ಮತ್ತೆ ಪೇಪರು ಎತ್ತಿಕೊಂಡರು. ಇಷ್ಟವಾಯಿತೋ ಇಲ್ಲವೋ ದೇವರಿಗೇ ಗೊತ್ತು. ಅಷ್ಟರಲ್ಲಿ ಚೀಟಿ ಬರೆಯುವ ಹೆಂಗಸು ಬಂದು ಬಾಟಲಿ ನೋಡಿದಳು, ಗದ್ದದಿಂದ ಗೋಡೆ ತೋರಿಸಿದಳು. ಹೊರಗಿನ ತಿಂಡಿ ತೀರ್ಥ ತರಬಾರದು ಅಂತ ಚಿತ್ರ ಸಮೇತ ಬೋರ್ಡು. ಬಾಗಿಲಲ್ಲಿ ಆರು ಜನ ಕಾಯುತ್ತಿದ್ದರು. ಅವ್ವ ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಅಷ್ಟೇ ನಿಧಾನವಾಗಿ, ಇನ್ನೊಂದು ತಟ್ಟೆ ಹೇಳು ಅಂದರು.