ಇಳು ಮ್ಯಾನ್, ಇಳು

ಕೇಳುಗರಿಗೆಲ್ಲ ನಮಸ್ಕಾರ.

ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಸಂಗೀತಗಾರ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಎಲ್ಲಿ ಒಂದು ನುಡಿಸಿ ಅಂತ ಕೇಳಬಾರದು. ಮನೆಯಲ್ಲಿ ಒಂದು ಗಿಟಾರ್ ಇದೆ, ನಿಜ. ನಾನು ಅದನ್ನು ತೊಡೆ ಮೇಲೆ ಇಟ್ಟುಕೊಂಡರೆ ಮಗಳು ಪುಸ್ತಕ ಎತ್ತಿಕೊಂಡು ಮಹಡಿಗೆ ಹೋಗುತ್ತಾಳೆ. ಆದರೆ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ ಹಾಡು, ಅದನ್ನು ಕೇಳುವುದರಲ್ಲಿ ನಮ್ಮ ಮಂಡಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೇಳುವವನೇ ನಾನೊಬ್ಬ, ಅದಕ್ಕೆ.

ಇದು ಶುರುವಾಗಿದ್ದು 1996ರಲ್ಲಿ, ಕೆಜಿಎಫ್‌ನಲ್ಲಿ. ನಾನು ರಾಬರ್ಟ್‌ಸನ್‌ಪೇಟೆಯ ಸೋದರಮಾವನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಕಾಲೇಜಿನ ದಾರಿಯಲ್ಲಿ ಶೀಟ್ ಹೊದಿಸಿದ ಒಂದು ಹಳೇ ಮನೆ. ಅಲ್ಲಿ ಗಣಿಯ ವರ್ಕ್‌ಶಾಪಿನಿಂದ ರಿಟೈರ್ ಆದ ಒಬ್ಬ ಆಂಗ್ಲೋ ಇಂಡಿಯನ್ ಹಿರಿಯರು ಇದ್ದರು. ಬೀದಿಯವರಿಗೆಲ್ಲ ಅವರು ಅಂಕಲ್. ಒಂದು ಮಧ್ಯಾಹ್ನ ಅವರ ಕಿಟಕಿಯಿಂದ ಹಾಡು ಬರುತ್ತಿತ್ತು. ಒಬ್ಬ ಒಂದು ಸಾಲು ಹಾಡಿ ನಿಲ್ಲಿಸಿದ. ತಕ್ಷಣ ಇನ್ನೊಂದು ದನಿ ಅದೇ ಮಾತನ್ನು ಎತ್ತಿಕೊಂಡಿತು. ಆ ಎರಡನೇ ದನಿಯಲ್ಲಿ ಪದಗಳೇ ಇರಲಿಲ್ಲ. ನಾನು ಸೈಕಲ್ ಹಿಡಿದುಕೊಂಡು ಬಿಸಿಲಲ್ಲಿ ನಿಂತುಬಿಟ್ಟೆ. ಎರಡನೆಯವಳು ಹೆಂಗಸಾ, ಮಗುವಾ ಅಂತ ಯೋಚಿಸುತ್ತಿದ್ದೆ.

ಅದು ಗಿಟಾರ್. ಹಾಡಿದವರೂ ನುಡಿಸಿದವರೂ ಒಬ್ಬರೇ, ಅಮೆರಿಕದ ಬ್ಲೂಸ್ ಹಾಡುಗಾರ ಬಿ.ಬಿ. ಕಿಂಗ್. ಆ ಮಹಾನುಭಾವರು ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಬಾಯಿ ನಿಂತ ಕಡೆ ಕೈ ಶುರು.

ಅಂಕಲ್ ನನಗೆ ಕಲಿಸಲು ಒಪ್ಪಿಕೊಂಡರು. ಹಳೇ ಗಿವ್ಸನ್ ಗಿಟಾರ್, ತಂತಿಗಳು ಮರದಿಂದ ಬೆರಳಗಲ ಮೇಲಿದ್ದವು. ಅವರ ಕನ್ನಡದಲ್ಲಿ ಮುಕ್ಕಾಲು ಪಾಲು ತಮಿಳು, ಅದು ಕೆಜಿಎಫ್‌ನ ರೂಢಿ. ಮೊದಲ ಪಾಠದಲ್ಲೇ ಎಡವಟ್ಟು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗೆ ಫ್ರೆಟ್ ಅಂತಾರೆ. ನಾನು ಎರಡನೇ ತಂತಿಯನ್ನು ಎಂಟನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದಿದ್ದೆ. "ಇಳು ಮ್ಯಾನ್, ಇಳು" ಅಂದರು. ಇಳಿ ಅಂತಿದ್ದಾರೆ ಅಂದುಕೊಂಡು ಏಳನೇ ಫ್ರೆಟ್‌ಗೆ ಇಳಿದೆ. ಅವರು ತಲೆ ಚಚ್ಚಿಕೊಂಡರು. "ಇಳು, ಇಳು!" ಆರಕ್ಕೆ ಇಳಿದೆ. ಕೊನೆಗೆ ಅವರೇ ಬಂದು ನನ್ನ ಬೆರಳನ್ನು ಹಿಡಿದು, ತಂತಿಯನ್ನು ಅದೇ ಜಾಗದಲ್ಲಿ ಪಕ್ಕಕ್ಕೆ ಜಗ್ಗಿಸಿದರು. ಸ್ವರ ಏರಿತು. ತಮಿಳಿನಲ್ಲಿ ಇಳು ಅಂದ್ರೆ ಎಳೆ! ಅವರು ಎಳೆಯಲು ಹೇಳುತ್ತಿದ್ದರು, ನಾನು ಇಳಿಯುತ್ತಿದ್ದೆ.

ಅವತ್ತು ಉಂಗುರದ ಬೆರಳಿನ ತುದಿ ಸೀಳಿತು. ಆದರೆ ಆ ಸ್ವರ ಏರುವ ದಾರಿಯನ್ನು ಬೆರಳೇ ಕಂಡುಕೊಂಡಿತ್ತು. ಎಂಟರಲ್ಲಿ ಹಿಡಿದ ತಂತಿ, ಎಳೆದಷ್ಟೂ ಬಿಗಿಯಾಗುತ್ತಾ, ಹತ್ತನೇ ಫ್ರೆಟ್‌ನ ಸ್ವರವನ್ನು ಮುಟ್ಟುತ್ತದೆ. ಎರಡರ ನಡುವೆ ಒಂದು ಕಡೆ ಅದು ಸರಿಯಾಗಿ ಯಾವ ಸ್ವರವೂ ಅಲ್ಲ. ಬ್ಲೂಸ್ ಇರುವುದೇ ಆ ಸಂದಿಯಲ್ಲಿ.

ಈ ಸಂದಿ ನಮಗೆ ಹೊಸದಲ್ಲ. ವೀಣೆ ನುಡಿಸುವವರನ್ನು ಹತ್ತಿರದಿಂದ ನೋಡಿ, ವೀಣೆಯ ಮೆಟ್ಟುಗಳ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆಯುತ್ತಲೇ ಇರುತ್ತಾರೆ. ಹಾರ್ಮೋನಿಯಂನಲ್ಲಿ ಇದು ಆಗುವುದಿಲ್ಲ. ಒಂದು ಮನೆ ಬಿಟ್ಟರೆ ಮುಂದಿನ ಮನೆ, ನಡುವೆ ಜಗುಲಿ ಇಲ್ಲ. ಇದೇ ಕಾರಣಕ್ಕೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಸ್ವರವನ್ನು ಹೀಗೆ ಎಳೆದು ಬಳುಕಿಸುವ ನಮ್ಮ ಗಮಕ ಅದರಲ್ಲಿ ಬರುವುದಿಲ್ಲ ಅನ್ನುವುದು ದೂರು. 1971ರವರೆಗೂ ಆ ನಿಷೇಧ ನಡೆಯಿತು. ಪಾಪ, ಭಜನೆ ಮಾಡುವವರು ಹಾರ್ಮೋನಿಯಂ ಬಿಡಲಿಲ್ಲ, ಅದು ಬೇರೆ ಮಾತು.

ಬಿ.ಬಿ. ಕಿಂಗ್ ಅವರಿಗೆ ಈ ಎಳೆತ ಬಂದಿದ್ದು ಒಂದು ಸೋಲಿನಿಂದ. ಅವರ ತಾಯಿಯ ಕಡೆಯ ಸೋದರ ಸಂಬಂಧಿ ಬುಕ್ಕಾ ವೈಟ್, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುತ್ತಿದ್ದರು. ಅದಕ್ಕೆ ಸ್ಲೈಡ್ ಅಂತಾರೆ. ಕಿಂಗ್ ಎಷ್ಟು ಒದ್ದಾಡಿದರೂ ಅದು ಕೈಗೆ ಹತ್ತಲಿಲ್ಲ. ಆ ದನಿಯನ್ನಾದರೂ ಹಿಡಿಯೋಣ ಅಂತ ಬೆರಳನ್ನೇ ನಡುಗಿಸಿದರು. ಅವರ ಎಡಗೈ ನೋಡಬೇಕು, ದೀಪಕ್ಕೆ ಬಿದ್ದ ಚಿಟ್ಟೆ ರೆಕ್ಕೆ ಬಡಿದ ಹಾಗೆ. ಮುಂದೆ ಅರ್ಧ ಜಗತ್ತಿನ ಗಿಟಾರಿನವರು ಕಾಪಿ ಹೊಡೆದಿದ್ದು ಅದನ್ನೇ.

ರೇಡಿಯೊದಲ್ಲಿ ಕೂತು ಮಾತಾಡುತ್ತಿದ್ದೇನೆ, ಹಾಗಾಗಿ ಈ ವಿಷಯ ಹೇಳಲೇಬೇಕು. ಬ್ಲೂಸ್‌ಗೆ ಹಾಲು ಕುಡಿಸಿ ಬೆಳೆಸಿದ್ದೇ ರೇಡಿಯೊ. ಅಮೆರಿಕದ ಅರ್ಕಾನ್ಸಾ ರಾಜ್ಯದ ಹೆಲೆನಾ ಅನ್ನುವ ಊರಿನಲ್ಲಿ 1941ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಕಿಂಗ್ ಬಿಸ್ಕಿಟ್ ಟೈಮ್ ಅಂತ. ಹಿಟ್ಟಿನ ಕಂಪನಿಯೊಂದರ ಜಾಹೀರಾತಿಗೆ ಮಾಡಿದ್ದು. ಸನ್ನಿ ಬಾಯ್ ವಿಲಿಯಮ್ಸನ್ ಮೌತ್ ಆರ್ಗನ್ ಊದುತ್ತಿದ್ದರು, ನಡುನಡುವೆ ಹಿಟ್ಟಿನ ಗುಣಗಾನ. ಮಧ್ಯಾಹ್ನದ ಹೊತ್ತು ಹತ್ತಿ ಹೊಲದಿಂದ ಊಟಕ್ಕೆ ಬಂದ ಕೂಲಿಗಳು ಕೇಳಲಿ ಅಂತ ಆ ಸಮಯ. ಮೆಕ್ಕೆಜೋಳದ ಹಿಟ್ಟಿನ ಚೀಲದ ಮೇಲೆ ಸನ್ನಿ ಬಾಯ್ ಚಿತ್ರವನ್ನೂ ಅಚ್ಚು ಹಾಕಿದರು! ಹಾಗೆ ಹೊಲದಿಂದ ಬಂದು ಕೇಳುತ್ತಿದ್ದವರಲ್ಲಿ ಒಬ್ಬ ಹುಡುಗನೇ ಮುಂದೆ ಬಿ.ಬಿ. ಕಿಂಗ್ ಆದದ್ದು. ಅವರೂ ಮೆಂಫಿಸ್‌ನ ಒಂದು ರೇಡಿಯೊ ಸ್ಟೇಷನ್ ಸೇರಿ, ಪೆಪ್ಟಿಕಾನ್ ಅನ್ನುವ ಟಾನಿಕ್ ಮಾರಲು ಹಾಡು ಕಟ್ಟಿದರು. ಬಿ.ಬಿ. ಅಂದರೆ ಬ್ಲೂಸ್ ಬಾಯ್, ಅದು ರೇಡಿಯೊದವರು ಇಟ್ಟ ಹೆಸರು.

ಅವರ ಗಿಟಾರಿಗೂ ಹೆಸರಿತ್ತು, ಲ್ಯುಸಿಲ್. 1949ರ ಚಳಿಗಾಲ, ಅರ್ಕಾನ್ಸಾದ ಟ್ವಿಸ್ಟ್ ಅನ್ನುವ ಹಳ್ಳಿ. ಕುಣಿತದ ಹಾಲ್‌ನಲ್ಲಿ ಚಳಿಗೆ ಡಬ್ಬದಲ್ಲಿ ಸೀಮೆಎಣ್ಣೆ ಸುರಿದು ಉರಿ ಹಾಕಿದ್ದರು. ಇಬ್ಬರು ಜಗಳಕ್ಕೆ ಬಿದ್ದು ಡಬ್ಬ ಉರುಳಿತು, ಹಾಲ್‌ಗೆ ಬೆಂಕಿ. ಕಿಂಗ್ ಹೊರಗೆ ಓಡಿ ಬಂದವರು, ಗಿಟಾರ್ ನೆನಪಾಗಿ ಮತ್ತೆ ಒಳಗೆ ನುಗ್ಗಿದರು. ಹೇಗೋ ಬದುಕಿ ಬಂದರು. ಜಗಳ ಅಲ್ಲಿ ಕೆಲಸಕ್ಕಿದ್ದ ಲ್ಯುಸಿಲ್ ಎಂಬ ಹೆಂಗಸಿನ ವಿಷಯಕ್ಕೆ ಅಂತ ಆಮೇಲೆ ಗೊತ್ತಾಯಿತು. ಇನ್ನೊಮ್ಮೆ ಇಂಥ ಹುಚ್ಚು ಕೆಲಸ ಮಾಡಬಾರದು ಅಂತ ಗಿಟಾರಿಗೆ ಅದೇ ಹೆಸರಿಟ್ಟರು. ಆಮೇಲೆ ಬಂದ ಗಿಟಾರ್‌ಗಳೂ ಲ್ಯುಸಿಲ್‌ಗಳೇ.

ಇನ್ನು ಹಾಡಿನ ಕಟ್ಟು. ಹನ್ನೆರಡು ಬಾರ್, ಮೂರು ಸಾಲು. ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ತಾಳದ ಅಳತೆ. ಮೊದಲ ಸಾಲು ಹೇಳುವುದು, ಎರಡನೆಯದು ಅದನ್ನೇ ತಿರುಗಿ ಹೇಳುವುದು, ಮೂರನೆಯದು ಅದಕ್ಕೊಂದು ಉತ್ತರ. ಒಂದೊಂದು ಸಾಲಿಗೆ ನಾಲ್ಕು ಬಾರ್. ಅದರಲ್ಲಿ ಅರ್ಧ ಹೊತ್ತು ಬಾಯಿಗೆ, ಉಳಿದರ್ಧ ಗಿಟಾರಿಗೆ. ಮಂಡಿಯಲ್ಲಿ ಕೂತು ನಾನೇ ಒಂದು ಕಟ್ಟಿದ್ದೇನೆ, ನಗಬೇಡಿ.

ಬೋರು ಬತ್ತೋಯ್ತಲ್ಲೋ ಅಣ್ಣ, ಕೆರೆ ಒಣಗಿ ಕುಂತೈತೆ.
ಬೋರು ಬತ್ತೋಯ್ತಲ್ಲೋ ಅಣ್ಣ, ಕೆರೆ ಒಣಗಿ ಕುಂತೈತೆ.
ಹಂಗೂ ಬೆಳೆದ ಟೊಮೆಟೊ, ರಸ್ತೆ ಬದಿ ಬಿದ್ದೈತೆ.

ಎರಡು ಸಲ ಯಾಕೆ ಹೇಳಬೇಕು ಅಂದರೆ, ಒಂದೇ ಸಲ ಹೇಳಿದರೆ ಅದು ಸುದ್ದಿ. ಎರಡನೇ ಸಲ ಹೇಳುವಾಗ ಹಾಡುವವನಿಗೇ ಅದು ನಾಟುತ್ತದೆ. ಮೂರನೆಯದರಲ್ಲಿ ಸ್ವಲ್ಪ ಕುಹಕವೂ ಇರುತ್ತದೆ. ಬ್ಲೂಸ್ ಅಂದರೆ ಅಳುಮುಂಜಿ ಹಾಡು ಅನ್ನುವವರು ಈ ಮೂರನೇ ಸಾಲನ್ನು ಸರಿಯಾಗಿ ಕೇಳಿಲ್ಲ. ಚಾರ್ಲಿ ಪ್ಯಾಟನ್ ಅನ್ನುವ ಬ್ಲೂಸ್ ಹಾಡುಗಾರರು 1929ರಲ್ಲಿ ಹತ್ತಿ ತಿನ್ನುವ ಹುಳದ ಮೇಲೇ ಹಾಡು ರೆಕಾರ್ಡ್ ಮಾಡಿದರು. ರೇಷ್ಮೆ ಸಾಕುವ ನಮ್ಮ ಕಡೆ ರೇಷ್ಮೆ ಹುಳ ಕೊಲ್ಲುವ ಊಜಿ ನೊಣದ ಮೇಲೆ ಒಂದು ಹಾಡಿರಬೇಕಿತ್ತು, ಅಲ್ವಾ?

ರಾಬರ್ಟ್ ಜಾನ್ಸನ್ ಅನ್ನುವ ಬ್ಲೂಸ್ ಹಾಡುಗಾರರು ನಾಲ್ಕು ದಾರಿ ಕೂಡುವ ಕಡೆ ದೆವ್ವಕ್ಕೆ ಆತ್ಮ ಮಾರಿ ಗಿಟಾರ್ ಕಲಿತರು ಅಂತ ಒಂದು ಕಥೆ ಇದೆ. ಎಲ್ಲರೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ನನಗೆ ಕೇಳಿದರೆ ಸಿಟ್ಟು ಬರುತ್ತದೆ. ಐಕ್ ಜಿಮ್ಮರ್‌ಮನ್ ಅನ್ನುವ ಗುರು ಅವರನ್ನು ರಾತ್ರಿ ಹೊತ್ತು ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸುತ್ತಿದ್ದರು. ಅಲ್ಲಿ ಗಲಾಟೆ ಅಂತ ದೂರುವವರು ಯಾರೂ ಇಲ್ಲವಲ್ಲ. 1936 ಮತ್ತು 1937ರಲ್ಲಿ 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ 27ನೇ ವಯಸ್ಸಿಗೆ ಹೋಗಿಬಿಟ್ಟರು. ಅಷ್ಟು ಬೆವರು ಸುರಿಸಿದವರ ಲೆಕ್ಕವನ್ನು ದೆವ್ವದ ಖಾತೆಗೆ ಬರೆಯುವುದು ಯಾವ ನ್ಯಾಯ?

ಇನ್ನೊಬ್ಬ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಕಥೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಮಿಸಿಸಿಪಿಯ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. 1941ರಲ್ಲಿ ಅಲನ್ ಲೋಮ್ಯಾಕ್ಸ್ ಹಾಡು ಸಂಗ್ರಹಿಸಲು ಬಂದು ರೆಕಾರ್ಡ್ ಮಾಡಿದಾಗ, ಮಡ್ಡಿ ತಮ್ಮ ದನಿಯನ್ನು ತಾವೇ ಮೊದಲ ಸಲ ಕೇಳಿದರು. ಎರಡು ವರ್ಷಕ್ಕೆ ರೈಲು ಹತ್ತಿ ಶಿಕಾಗೊ ಸೇರಿದರು. ಹಗಲು ಫ್ಯಾಕ್ಟರಿ, ರಾತ್ರಿ ಹಾಡು. ಆದರೆ ಅಲ್ಲಿಯ ಕುಡಿಯುವ ಬಾರ್‌ಗಳ ಗದ್ದಲದಲ್ಲಿ ಮರದ ಗಿಟಾರ್ ಯಾರಿಗೆ ಕೇಳಬೇಕು? ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಈಗ ಲೋಕವೆಲ್ಲ ಶಿಕಾಗೊ ಬ್ಲೂಸ್ ಅನ್ನುವುದು ಈ ಗದ್ದಲದ ಮಗು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನವರೂ ಹೀಗೆ ರೈಲನ್ನೇ ನಂಬಿಕೊಂಡರು. ಮಾರಿಕುಪ್ಪಂನಲ್ಲಿ ಕತ್ತಲಲ್ಲೇ ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ, ಕತ್ತಲಲ್ಲೇ ವಾಪಸ್. ಆ ಬೋಗಿಯಲ್ಲಿ ಬಾಗಿಲ ಹತ್ತಿರ ತಮಟೆಯಂತೆ ಟಿಫನ್ ಡಬ್ಬ ಬಡಿದು ಹಾಡುವವರನ್ನು ನಾನು ಕೇಳಿದ್ದೇನೆ. ಅವರನ್ನು ರೆಕಾರ್ಡ್ ಮಾಡಲು ಯಾವ ಲೋಮ್ಯಾಕ್ಸೂ ಬಂದದ್ದು ಕಾಣೆ.

ಇನ್ನು ಬ್ಲೂಸ್ ಹಬ್ಬಗಳ ವಿಷಯ. 2011ರ ಫೆಬ್ರವರಿಯಲ್ಲಿ ಮುಂಬೈ ಬಾಂದ್ರಾದ ಮೆಹಬೂಬ್ ಸ್ಟುಡಿಯೊದಲ್ಲಿ ಮಹೀಂದ್ರಾ ಬ್ಲೂಸ್ ಹಬ್ಬ ಮೊದಲ ಸಲ ನಡೆಯಿತು. ಶಿಕಾಗೊ ಬ್ಲೂಸ್‌ನ ದೊಡ್ಡ ಗಿಟಾರಿಗ ಬಡ್ಡಿ ಗೈ ಬರುತ್ತಾರೆ ಅಂತ ತಿಳಿದ ದಿನ ನನಗೆ ಲೆಕ್ಕದ ಪುಸ್ತಕದಲ್ಲಿ ಎಲ್ಲ ಮೊತ್ತವೂ ತಪ್ಪಿತು. ಮನೆಯಲ್ಲಿ ಟೊಮೆಟೊ ಲೋಡಿನ ಕೆಲಸ ಅಂತ ಸುಳ್ಳು ಹೇಳಿ, ಹುರಿಹಿಟ್ಟು ಕಟ್ಟಿಸಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ನನ್ನ ಹೆಂಡತಿ ಈಗ ಇದನ್ನು ಕೇಳುತ್ತಿದ್ದರೆ, ಹದಿನೈದು ವರ್ಷ ಹಳೇ ಸುಳ್ಳು ಮಾರಾಯ್ತಿ, ಬಿಟ್ಟುಬಿಡು.

ಬಡ್ಡಿ ಗೈ ಅವರಿಗೆ ಆಗ 74. ಲೂಸಿಯಾನಾದ ಪಾಲಿಗೆ ದುಡಿಯುವ ಮನೆಯ ಮಗ, ಚಿಕ್ಕಂದಿನಲ್ಲಿ ಕಿಟಕಿಯ ಸೊಳ್ಳೆ ಜಾಲರಿಯ ತಂತಿ ಬಿಚ್ಚಿ ಗಿಟಾರ್ ಮಾಡಿಕೊಂಡವರು. ಅವರ ಒಂದು ಗುಣ ಇದೆ. ಆರ್ಭಟದಲ್ಲಿ ನುಡಿಸುತ್ತಾ ನುಡಿಸುತ್ತಾ ಇದ್ದಕ್ಕಿದ್ದಂತೆ ದನಿ ಇಳಿಸುತ್ತಾರೆ. ಎಷ್ಟು ಅಂದರೆ, ಪಕ್ಕದವರ ಉಸಿರು ಕೇಳಬೇಕು. ಆ ನೂಕುನುಗ್ಗಲಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಿತ್ತುಹೋಗಿತ್ತು. ಸಿಮೆಂಟ್ ನೆಲ ತಣ್ಣಗಿತ್ತು. ಒಂದು ಕಾಲು ಬರಿಗಾಲಲ್ಲಿ ನಿಂತು, ಅವರು ಒಂದೇ ತಂತಿಯನ್ನು ಎಳೆದು ಹಿಡಿದುಕೊಂಡಿದ್ದನ್ನು ನೋಡಿದೆ. ಬಿಡುತ್ತಾರೆ, ಈಗ ಬಿಡುತ್ತಾರೆ ಅಂತ ಕಾದೆ. ಬಿಡಲಿಲ್ಲ. ನನಗೆ ಅಂಕಲ್ ನೆನಪಾದರು. ಅವರು ಹೋಗಿ ಆಗ ಆರು ವರ್ಷ.

ಶಿಕಾಗೊದಲ್ಲಿ 1984ರಿಂದ ಬ್ಲೂಸ್ ಹಬ್ಬ ನಡೆಯುತ್ತಿದೆ, ಪ್ರವೇಶ ಉಚಿತ. ವಿಮಾನ ಉಚಿತ ಅಲ್ಲ, ಅದೇ ತೊಂದರೆ. ನಮ್ಮಲ್ಲಿ ಶಿಲ್ಲಾಂಗ್‌ನ ಸೋಲ್‌ಮೇಟ್ ತಂಡ 2007ರಲ್ಲೇ ಮೆಂಫಿಸ್‌ನ ಬ್ಲೂಸ್ ಸ್ಪರ್ಧೆಗೆ ಹೋಗಿ ಬಂತು. ಕೋಲಾರದಲ್ಲಿ ನನಗೆ ಹತ್ತಿರದ ಹಬ್ಬ ಅಂದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡು. ಕಲ್ಲುಬಂಡೆ, ಬೆಳದಿಂಗಳು, ತಮಟೆ, ತತ್ವಪದ. ಒಬ್ಬರು ಎತ್ತಿ ಹಾಡಿದರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಶಿಡ್ಲಘಟ್ಟ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಮಂಡಿಯಲ್ಲಿ ಸಿಹಿ ಹಂಚಿದೆ. ಬ್ಲೂಸ್ ಕಟ್ಟಿದವರ ಹಿಂದಿನ ತಲೆಮಾರಿಗೆ ಇಂಥ ವಾದ್ಯವೂ ದಕ್ಕಲಿಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1740ರ ಒಂದು ಕಾನೂನು ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೇ ತಡೆದಿತ್ತು. ಡೋಲು ಕಿತ್ತುಕೊಂಡರೆ ಏನು, ಕಾಲಿನಲ್ಲಿ ನೆಲ ಬಡಿದರು, ಕೈಯಲ್ಲಿ ತಂತಿ ಬಡಿದರು.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಸಂಜೆ. ಅಮ್ಮ ಜಗುಲಿಯಲ್ಲಿ ಹಿತಕವರೆಗೆ ನೆನೆಸಿದ ಕಾಳು ಹಿಚುಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಪಾತ್ರೆಗೆ ಟಪ್, ಟಪ್. ನಾನು ಫೋನಿನಲ್ಲಿ ಬಿ.ಬಿ. ಕಿಂಗ್ ಹಾಕಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕೈವಾರ ತಾತಯ್ಯನವರ ತೆಲುಗು ಪದಗಳು ಬರುತ್ತವೆ, ಸೋಬಾನೆ ಬರುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಕೇಳಿದಳು. ಆಮೇಲೆ, "ಇವನೇನೋ, ಬಾಯಿ ಮುಚ್ಚಿದ ಮೇಲೂ ಹಾಡ್ತಾನೆ" ಅಂದಳು. ಮುಂದಿನ ಸಾಲು ಮುಗಿದು ಗಿಟಾರ್ ಬರಬೇಕಾದ ಜಾಗದಲ್ಲಿ, ಅದಕ್ಕಿಂತ ಒಂದು ಎಳೆ ಮುಂಚೆ, ತಲೆ ಎತ್ತದೇ "ಹೂಂ" ಅಂತ ದನಿ ಎಳೆದಳು. ಕೈಯಲ್ಲಿ ಅವರೆಬೇಳೆ, ಟಪ್.

ನಮಸ್ಕಾರ.