ಕಾಕ್‌ಪಿಟ್ ಮುಚ್ಚಿದರೆ ತೂಕ ಎಷ್ಟು?

ಅಧ್ಯಕ್ಷರೇ, ಪ್ರಾಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಪಡಸಾಲೆಯಲ್ಲಿ ತೂಗುಹಾಕಿರುವ ನಿಮ್ಮ ವಿನ್ಯಾಸಗಳನ್ನು ನೋಡಿಕೊಂಡೇ ಒಳಗೆ ಬಂದೆ. ಎಲ್ಲವೂ ಒಂಟಿ ಆಸನದ ಹಗುರ ವಿಮಾನಗಳು, ಎಲ್ಲಕ್ಕೂ ಅಂದವಾದ ಮುಚ್ಚಿದ ಕಾಕ್‌ಪಿಟ್. ಒಂದರಲ್ಲಂತೂ ಕಾಫಿ ಲೋಟ ಇಡಲು ಗೂಡೂ ಇದೆ! ಆದರೆ ಕಾಕ್‌ಪಿಟ್ಟಿನ ತೂಕವನ್ನು ಯಾರೂ ಬರೆದಿಲ್ಲ.

ಇಂಥ ಹಗುರ ವಿಮಾನಗಳಿಗೆ ಅಮೆರಿಕ ಮಾಡಿದ 1982ರ ನಿಯಮ, ಭಾಗ 103, ನಿಮಗೆ ಬಾಯಿಪಾಠ: ಖಾಲಿ ತೂಕ 254 ಪೌಂಡಿನೊಳಗೆ, ಅಂದರೆ ಸುಮಾರು 115 ಕಿಲೋ, ಇಂಧನ 5 ಗ್ಯಾಲನ್, ಗರಿಷ್ಠ ವೇಗ 55 ನಾಟ್, ಅಂದರೆ ಗಂಟೆಗೆ ಸುಮಾರು 102 ಕಿ.ಮೀ., ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಬಲ್ಲ ಕನಿಷ್ಠ ವೇಗ, 24 ನಾಟ್ ಮೀರಬಾರದು. ಇದಕ್ಕೆ ಒಪ್ಪಿದರೆ ಪೈಲಟ್ ಲೈಸೆನ್ಸೇ ಬೇಡ. ರೆಕ್ಕೆಯ ಅಳತೆಯನ್ನು ಆ 24 ನಾಟೇ ನಿರ್ಧರಿಸಿಬಿಡುತ್ತದೆ. ಪೈಲಟ್, ಇಂಧನ ಸೇರಿ 210 ಕಿಲೋ ಎನ್ನಿ. ಗರಿಷ್ಠ ಲಿಫ್ಟ್ ಗುಣಾಂಕ, ಅಂದರೆ ರೆಕ್ಕೆಯ ಎತ್ತುವ ಸಾಮರ್ಥ್ಯದ ಅಳತೆ, 1.6 ಆದರೆ ಸಮುದ್ರಮಟ್ಟದಲ್ಲಿ ಹೆಚ್ಚುಕಡಿಮೆ 13.8 ಚದರ ಮೀಟರ್ ರೆಕ್ಕೆ ಬೇಕು. ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಪಟ್ಟಿ, ಅಂದರೆ ಫ್ಲ್ಯಾಪ್, ಹಾಕಿ ಆ ಗುಣಾಂಕವನ್ನು 2ಕ್ಕೆ ಏರಿಸಿದರೆ 11 ಸಾಕು. ಫ್ಲ್ಯಾಪಿಗೂ ತೂಕವಿದೆ ಎನ್ನುತ್ತೀರಿ. ಸರಿ, ದಾರಿಗೆ ಬಂದಿರಿ.

ವಿನ್ಯಾಸಕ ಚಕ್ ಸ್ಲುಸಾರ್ಚಿಕ್ ಅವರ ಸಿಜಿಎಸ್ ಹಾಕ್ ಎಂಬ ವಿಮಾನ ಬಂದದ್ದೂ 1982ರಲ್ಲೇ. ಆಗಿನ ಬಹುಪಾಲು ಅಲ್ಟ್ರಾಲೈಟ್‌ಗಳಲ್ಲಿ, ಅಂದರೆ ಇಂಥ ಅತಿ ಹಗುರ ವಿಮಾನಗಳಲ್ಲಿ, ಪೈಲಟ್ ಬಯಲಿನಲ್ಲೇ ಕೂರುತ್ತಿದ್ದ, ರೆಕ್ಕೆಯನ್ನು ತಂತಿಗಳು ಬಿಗಿದಿರುತ್ತಿದ್ದವು. ಹಾಕ್‌ನಲ್ಲಿ ತಂತಿಯ ಬದಲು ಆನಿಕೆ ಕೊಳವೆಗಳು, ಫ್ಲ್ಯಾಪ್, ಮುಚ್ಚಿದ ಕಾಕ್‌ಪಿಟ್, ಹಿಂದಿನಿಂದ ತಳ್ಳುವ ಪ್ರೊಪೆಲ್ಲರ್. ಇಷ್ಟು ಐಷಾರಾಮ ಏಕೆ? ಐಷಾರಾಮವಲ್ಲ. ವೇಗಕ್ಕೆ ಕಾನೂನಿನ ಕಡಿವಾಣ ಇದ್ದೇ ಇದೆ. ಗಾಳಿಯ ಎಳೆತ ಕಡಿಮೆಯಾದರೆ ಅದೇ ವೇಗಕ್ಕೆ ಚಿಕ್ಕ ಎಂಜಿನ್ ಸಾಕು. ಕಾಕ್‌ಪಿಟ್ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್, ಒಂದೂವರೆ ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಹಾಳೆ, ಚದರ ಮೀಟರಿಗೆ 1.8 ಕಿಲೋ. ಆ ತೂಕವನ್ನು ಎಂಜಿನ್ನಿನಲ್ಲಿ ವಸೂಲಿ ಮಾಡಬೇಕು. ಮುಂದೆ ಮಾತ್ರ ಹಾಳೆ ಕಟ್ಟಿ ಬೆನ್ನ ಹಿಂದೆ ತೆರೆದಿಟ್ಟರೆ ವಸೂಲಿ ಅರ್ಧವೂ ಆಗದು: ಗಾಳಿ ಬೆನ್ನ ಹಿಂದೆ ಸುಳಿಸುಳಿಯಾಗಿ ಒಡೆಯುತ್ತದೆ, ಆ ಕಲಕಿದ ಗಾಳಿಯಲ್ಲೇ ಪ್ರೊಪೆಲ್ಲರ್ ತಿರುಗಬೇಕು.

ಮುಚ್ಚಿದ ಮೇಲೆ ಒಳಗಿರುವವನ ಗತಿ? ನನ್ನ ಮೆಚ್ಚಿನ ಕಥೆ. ಕೇಳಿದವರು ಇನ್ನೊಮ್ಮೆ ಸಹಿಸಿಕೊಳ್ಳಿ. 1979ರ ಜೂನ್ 12. ವಿನ್ಯಾಸಕ ಪಾಲ್ ಮ್ಯಾಕ್‌ಕ್ರೆಡಿ ಅವರ ವಿಮಾನ ಗಾಸಮರ್ ಆಲ್ಬಟ್ರಾಸ್, ಸುಮಾರು 32 ಕಿಲೋ, ಎಂಜಿನ್ ಇಲ್ಲ. ಬ್ರಯಾನ್ ಆಲೆನ್ ಪೆಡಲ್ ತುಳಿದು ಇಂಗ್ಲಿಷ್ ಕಾಲುವೆ ದಾಟಬೇಕು. ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಬೆವರು, ಉಸಿರು, ಒಳಮೈಯೆಲ್ಲ ಮಂಜು. ಎರಡು ಗಂಟೆಗೆಂದು ತಂದ ನೀರು ಮುಗಿಯಿತು, ಎದುರುಗಾಳಿ ಮಾತ್ರ ಮುಗಿಯಲಿಲ್ಲ. ರೇಡಿಯೊದಲ್ಲಿ ಮಾತಾಡುವಂತಿಲ್ಲ, ಎಲ್ಲವೂ ಸನ್ನೆಯಲ್ಲೇ. ಸೋಲೊಪ್ಪಿ, ಕೆಳಗಿನ ದೋಣಿಯಿಂದ ಹಗ್ಗ ಸಿಕ್ಕಿಸಲು ಅನುಕೂಲವಾಗಲೆಂದು ತುಸು ಮೇಲೇರಿದರು. ಅಲ್ಲಿ ಗಾಳಿ ಶಾಂತ! ಹಗ್ಗ ಬೇಡವೆಂದು ತುಳಿಯುತ್ತಲೇ ಹೋದರು. 2 ಗಂಟೆ 49 ನಿಮಿಷದಲ್ಲಿ ಫ್ರಾನ್ಸಿನ ದಡ. ಮನುಷ್ಯಬಲದ ಹಾರಾಟಕ್ಕೆಂದು ಇಟ್ಟಿದ್ದ ಕ್ರೆಮರ್ ಬಹುಮಾನ ಬಂತು. ನೀವು ಚಪ್ಪಾಳೆ ತಟ್ಟಿ, ನನಗೆ ಮಾತ್ರ ಆ ಮಂಜೇ ಕಾಣುತ್ತದೆ. ಗಾಳಿ ಬರುವ ಕಂಡಿಯಷ್ಟೇ ಸಾಲದು, ಹೋಗುವ ಕಂಡಿಯೂ ಬೇಕು. ಕಂಡಿ ಕೊರೆದರೆ ತೂಕ ಇಳಿಯುತ್ತದೆ, ನೋಡಿ! ಎಳೆತ ತುಸು ಏರುತ್ತದೆ, ಇರಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಗುರುತ್ವಕೇಂದ್ರದ ಇಪ್ಪತ್ತು ಚಿತ್ರಗಳನ್ನು ಬಿಟ್ಟುಬಿಡುತ್ತೇನೆ. ಒಂದೇ ಮಾತು: ಎಂಜಿನ್ ಹಿಂದಿದ್ದಾಗ ಮುಂದೆ ಕೂತ ಪೈಲಟ್ಟೇ ಅದಕ್ಕೆ ಸಮತೂಕ. ಸಣಕಲು ಆಸಾಮಿ ಕೂತರೆ ಬಾಲ ಭಾರ, ಮೂತಿಗೆ ಸೀಸ ಕಟ್ಟಬೇಕಾದೀತು. ಎಂಜಿನ್ ಎತ್ತರದಲ್ಲಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟಾಗ ಮೂತಿ ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ವಿಮಾನಕ್ಕೇ ಕಟ್ಟುವ ಪ್ಯಾರಾಚೂಟಿಗೆ ನಿಯಮದಲ್ಲಿ ಸುಮಾರು 11 ಕಿಲೋ ರಿಯಾಯಿತಿ ಇದೆ, ಬಿಡಬೇಡಿ. ಟ್ಯಾಂಕಿನ ಬಾಯಿಯನ್ನು ಆ ಹಾಳೆಯ ಮೇಲ್ಗಡೆ ಇಡಬೇಡಿ. ಪೆಟ್ರೋಲ್ ತಾಗಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಪ್ರಶ್ನೆಗಳಿಗೆ ಐದು ನಿಮಿಷವಿದೆಯಂತೆ. ಲೋಟದ ಗೂಡಿನವರು ಮೊದಲು ಕೇಳಿ.