ಎರಡು ಡಾಲರ್ ಬಾಜಿಯಲ್ಲಿ ಯಾರ್ಯಾರ ಪಾಲು ಎಷ್ಟು? ಅಮೆರಿಕದ ಕುದುರೆ ರೇಸ್ ಕಾನೂನಿನ ಲೆಕ್ಕ

(ಪರದೆ: ಎರಡು ಟಿಕೆಟ್. ಒಂದರ ಕೆಳಗೆ 163.60 ಡಾಲರ್, ಇನ್ನೊಂದರ ಕೆಳಗೆ 32.42 ಡಾಲರ್)

ನಮಸ್ಕಾರ. ಈ ಎರಡು ಸಂಖ್ಯೆಗಳನ್ನ ಸ್ವಲ್ಪ ಹೊತ್ತು ನೋಡಿ.

2022ರ ಕೆಂಟಕಿ ಡರ್ಬಿಯಲ್ಲಿ ರಿಚ್ ಸ್ಟ್ರೈಕ್ ಅನ್ನೋ ಕುದುರೆ ಗೆದ್ದಿತು. ಆಡ್ಸ್ 80ಕ್ಕೆ 1, ಅಂದರೆ ಕಟ್ಟಿದ ಒಂದು ಡಾಲರಿಗೆ ಸುಮಾರು 80 ಡಾಲರ್ ಲಾಭ. ಅದು ಗೆಲ್ಲುತ್ತೆ ಅಂತ ಎರಡು ಡಾಲರ್ ಕಟ್ಟಿದವರ ಕೈಗೆ 163 ಡಾಲರ್ 60 ಸೆಂಟ್ ಬಂತು. ಮರುವರ್ಷ ಮೇಜ್ ಗೆದ್ದಿತು. ಅದಕ್ಕೆ ಸಿಕ್ಕಿದ್ದು 32 ಡಾಲರ್ 42 ಸೆಂಟ್. ಡಾಲರ್ ಲೆಕ್ಕ ಬಿಡಿ, ಕೊನೆಯ ಸೆಂಟ್ ಗಮನಿಸಿ. ಒಂದು ಕಡೆ ದುಂಡಗೆ 60, ಇನ್ನೊಂದು ಕಡೆ 42. ಈ ಎರಡು ಡರ್ಬಿಗಳ ನಡುವೆ ಕೆಂಟಕಿ ರಾಜ್ಯದ ಕಾನೂನು ಬದಲಾಯಿತು, ಆ 42ರಲ್ಲಿ ಕಾಣಿಸೋದು ಆ ಬದಲಾವಣೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಬಾಜಿಯ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡೋಣ.

ಅಮೆರಿಕದ ರೇಸ್ ಕೋರ್ಸ್‌ಗಳಲ್ಲಿ ಬಾಜಿ ಬಹುತೇಕ ಬುಕ್ಕಿಯ ಜೊತೆ ನಡೆಯಲ್ಲ. ಒಂದು ರೇಸಿಗೆ ಬಾಜಿ ಕಟ್ಟಿದ ಎಲ್ಲರ ದುಡ್ಡೂ ಒಂದೇ ಗಂಟಿಗೆ ಬೀಳುತ್ತೆ. ಆ ಗಂಟಿಗೆ ಪೂಲ್ ಅಂತಾರೆ, ಪದ್ಧತಿಗೆ ಪ್ಯಾರಿಮ್ಯುಚುಯೆಲ್ ಅಂತಾರೆ. 1908ರಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ಬುಕ್ಕಿಗಳಿಗೆ ತಡೆ ಬಿತ್ತು. ಬಾಜಿ ಇಲ್ಲದೆ ಡರ್ಬಿ ನಡೆಸೋದು ಹೇಗೆ ಅನ್ನೋ ಹೊತ್ತಿಗೆ ಡರ್ಬಿ ನಡೆಯೋ ರೇಸ್ ಕೋರ್ಸ್ ಚರ್ಚಿಲ್ ಡೌನ್ಸನ್ನ ನೋಡಿಕೊಳ್ತಿದ್ದ ಮ್ಯಾಟ್ ವಿನ್ ಮೂಲೆಗೆ ಬಿದ್ದಿದ್ದ ಹಳೇ ಪ್ಯಾರಿಮ್ಯುಚುಯೆಲ್ ಯಂತ್ರಗಳನ್ನ ಹುಡುಕಿಸಿ ತಂದರು. ಕೆಂಟಕಿಯಲ್ಲಿ ಈ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ಆಮೇಲೆ.

ಪೂಲ್‌ನಲ್ಲಿ ಕಟ್ಟಿದವರ ಎದುರಾಳಿ ರೇಸ್ ಕೋರ್ಸ್ ಅಲ್ಲ, ಉಳಿದ ಜನ. ಯಾವ ಕುದುರೆ ಗೆದ್ದರೂ ರೇಸ್ ಕೋರ್ಸಿಗೆ ಒಂದೇ. ಫಲಿತಾಂಶ ಬರೋಕೆ ಮುಂಚೆಯೇ ಗಂಟಿನಿಂದ ಒಂದು ಪಾಲು ಹೊರಗೆ ತೆಗೆದಿರ್ತಾರೆ, ಉಳಿದದ್ದನ್ನ ಗೆದ್ದವರಿಗೆ ಹಂಚ್ತಾರೆ. ಹೊರಗೆ ತೆಗೆಯೋ ಆ ಪಾಲಿಗೆ ಟೇಕ್‌ಔಟ್ ಅಂತ ಹೆಸರು. ಇವತ್ತಿನ ಕಥೆಯೆಲ್ಲ ಈ ಟೇಕ್‌ಔಟ್‌ದೇ. ಎಷ್ಟು ತೆಗೀಬಹುದು, ತೆಗೆದದ್ದು ಯಾರಿಗೆ ಹೋಗಬೇಕು, ಯಾರಿಗೆ ಮೊದಲು ಅನ್ನೋದನ್ನ ರಾಜ್ಯದ ಕಾನೂನು ಬರೆಯುತ್ತೆ. ವಾಷಿಂಗ್ಟನ್‌ನಲ್ಲಿರೋ ಕೇಂದ್ರ ಸರ್ಕಾರಕ್ಕೆ ಈ ಹಂಚಿಕೆಯಲ್ಲಿ ಹೆಚ್ಚು ಮಾತಿಲ್ಲ.

(ಪರದೆ: ನೂರು ಡಾಲರ್ ನೋಟು, ಅದರ ಬದಿಯಿಂದ ಒಂದು ಪಟ್ಟಿ ಕತ್ತರಿಸುತ್ತದೆ)

ಚರ್ಚಿಲ್ ಡೌನ್ಸ್‌ನಲ್ಲೇ ಒಂದು ಲೆಕ್ಕ ಹಾಕೋಣ. 2014ರಲ್ಲಿ ಅವರು ಟೇಕ್‌ಔಟನ್ನ ಕಾನೂನು ಬಿಟ್ಟಷ್ಟೂ ಏರಿಸಿದರು. ಕುದುರೆ ಮೊದಲು ಬರುತ್ತೆ, ಮೊದಲೆರಡರಲ್ಲಿ ಬರುತ್ತೆ, ಮೊದಲ ಮೂರರಲ್ಲಿ ಬರುತ್ತೆ ಅಂತ ಕಟ್ಟೋ ವಿನ್, ಪ್ಲೇಸ್, ಶೋ ಬಾಜಿಗಳಿಗೆ ನೂರಕ್ಕೆ 17.5. ಎರಡು ಮೂರು ಕುದುರೆ ಸೇರಿಸಿ ಕಟ್ಟೋ ಎಕ್ಸಾಕ್ಟಾ, ಟ್ರೈಫೆಕ್ಟಾ ಥರದ ಬಾಜಿಗಳಿಗೆ ನೂರಕ್ಕೆ 22. ಈಗ ವಿನ್ ಪೂಲ್‌ಗೆ ನೂರು ಡಾಲರ್ ಬಿತ್ತು ಅಂದುಕೊಳ್ಳಿ. ಹದಿನೇಳೂವರೆ ಡಾಲರ್ ಪಕ್ಕಕ್ಕೆ ಹೋಯಿತು.

ಅದರಲ್ಲಿ ಮೊದಲು ಕೈ ಹಾಕೋದು ರಾಜ್ಯ ಸರ್ಕಾರ. 2022ರ ಆಗಸ್ಟ್‌ನಿಂದ ಕೆಂಟಕಿಯಲ್ಲಿ ಇದು ಒಂದೇ ದರ, ಬಾಜಿ ಮೊತ್ತದ ಮೇಲೆ ಶೇಕಡ 1.5 ತೆರಿಗೆ. ಅದಕ್ಕೆ ಮುಂಚೆ ಎಲ್ಲಿ ನಿಂತು ಬಾಜಿ ಕಟ್ಟಿದಿರಿ ಅನ್ನೋದರ ಮೇಲೆ ದರ ಬದಲಾಗ್ತಿತ್ತು. ದೊಡ್ಡ ರೇಸ್ ಕೋರ್ಸಿಗೇ ಹೋಗಿ ಕೌಂಟರ್‌ನಲ್ಲಿ ಕಟ್ಟಿದರೆ 3.5, ಮನೆಯಲ್ಲಿ ಕೂತು ಫೋನ್‌ನಲ್ಲಿ ಕಟ್ಟಿದರೆ ಬರೀ 0.5. ಬಿಸಿಲಲ್ಲಿ ನಿಂತು ಕುದುರೆ ನೋಡೋಕೆ ಬಂದವನ ದುಡ್ಡಿನ ಮೇಲೆ ಏಳು ಪಟ್ಟು ತೆರಿಗೆ! ಆ ವ್ಯತ್ಯಾಸ ಹೋಗಿದ್ದು ಒಳ್ಳೇದೇ ಆಯಿತು.

ಈ ಒಂದೂವರೆ ಡಾಲರ್ ಕೂಡ ಇಡಿಯಾಗಿ ಖಜಾನೆಗೆ ಹೋಗಲ್ಲ. ರೇಸ್ ಕೋರ್ಸಿನಲ್ಲೇ ಕಟ್ಟಿದ ಬಾಜಿಯ ನೂರಕ್ಕೆ 0.75, ಅಂದರೆ ತೆರಿಗೆಯ ಅರ್ಧ, ಥರೋಬ್ರೆಡ್ ಅನ್ನೋ ರೇಸ್ ಕುದುರೆ ತಳಿಯ ಅಭಿವೃದ್ಧಿ ನಿಧಿಗೆ ಹೋಗುತ್ತೆ. ಕೆಂಟಕಿ ಮೂಲದ, ನಿಧಿಯಲ್ಲಿ ನೋಂದಾಯಿಸಿದ ಕುದುರೆಗೆ ಮಾತ್ರ ಈ ಹಣ ಬಹುಮಾನದ ಮೇಲೆ ಬಹುಮಾನವಾಗಿ ಸಿಗುತ್ತೆ. ಪಕ್ಕದ ರಾಜ್ಯದಿಂದ ಬಂದ ಕುದುರೆ ಅದೇ ರೇಸ್ ಗೆದ್ದರೆ ಅದರ ಮಾಲೀಕರಿಗೆ ಈ ಹೆಚ್ಚುವರಿ ಇಲ್ಲ. ಮರಿ ಹಾಕಿಸೋದು, ಸಾಕೋದು, ಮಾರೋದು ಎಲ್ಲಾ ತನ್ನ ರಾಜ್ಯದ ಹುಲ್ಲುಗಾವಲಲ್ಲೇ ನಡೀಲಿ ಅನ್ನೋದು ಕಾನೂನಿನ ಆಸೆ. ಇನ್ನೂ ಸಣ್ಣ ಸಣ್ಣ ಪಾಲು ಲೂಯಿವಿಲ್ ವಿಶ್ವವಿದ್ಯಾಲಯದ ಕುದುರೆ ಉದ್ಯಮ ವಿಭಾಗಕ್ಕೆ, ಕುದುರೆಗೆ ಕೊಡೋ ಔಷಧಗಳ ಸಂಶೋಧನೆಗೆ ಹೋಗುತ್ತೆ.

ತೆರಿಗೆ ಕಳೆದು ಉಳಿಯೋ ದೊಡ್ಡ ಪಾಲನ್ನ ಎರಡು ಪಕ್ಷ ಹಂಚಿಕೊಳ್ಳುತ್ತೆ. ಒಂದು ಕಡೆ ರೇಸ್ ಕೋರ್ಸ್, ಇನ್ನೊಂದು ಕಡೆ ಕುದುರೆ ಮಾಲೀಕರು ಮತ್ತು ಟ್ರೇನರ್‌ಗಳ ಸಂಘ. ಸಂಘದ ಪಾಲು ನೇರ ಜೇಬಿಗೆ ಹೋಗಲ್ಲ, ಬಹುಮಾನದ ಖಾತೆಗೆ ಹೋಗುತ್ತೆ. ಆ ಖಾತೆಗೆ ಪರ್ಸ್ ಅಂತಾರೆ. ಗೆದ್ದ ಕುದುರೆಯ ಪಾಲಿನಲ್ಲಿ ಜಾಕಿಗೆ ಸಾಮಾನ್ಯವಾಗಿ ಹತ್ತನೇ ಒಂದು ಭಾಗ, ಟ್ರೇನರ್‌ಗೂ ಅಷ್ಟೇ. ಬೆಳಗಿನ ಜಾವ ಎದ್ದು ಕುದುರೆ ಮೈ ಉಜ್ಜಿ, ಕಾಲಿಗೆ ಬ್ಯಾಂಡೇಜ್ ಸುತ್ತಿ, ಲಾಯ ಗುಡಿಸೋ ಆಳಿನ ಸಂಬಳದ ಮೂಲವೂ ಕೊನೆಗೆ ಇದೇ ಪರ್ಸ್. ಟೇಕ್‌ಔಟ್ ಅಂದ ತಕ್ಷಣ ಲೂಟಿ ಅನ್ನೋರು ಇದನ್ನೂ ನೆನಪಿಡಬೇಕು.

ಆದರೆ ಈ ಮಾತುಕತೆಯ ಮೇಜಿನ ಸುತ್ತ ಯಾರ್ಯಾರು ಕೂತಿದ್ದಾರೆ ನೋಡಿ. ಸರ್ಕಾರ ಇದೆ, ರೇಸ್ ಕೋರ್ಸ್ ಇದೆ, ಮಾಲೀಕರ ಸಂಘ ಇದೆ, ತಳಿ ಬೆಳೆಸೋರಿದ್ದಾರೆ. ದುಡ್ಡು ತಂದು ಸುರಿದವನಿಗೆ ಕುರ್ಚಿ ಇಲ್ಲ. ಈ ಕಾನೂನುಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಯಾಕೆ ಅಂದರೆ, ಟೇಕ್‌ಔಟ್ ಒಂದೇ ಸಲ ಕಡಿಯಲ್ಲ. ರೇಸಿಗೆ ಬಂದವರು ಮೊದಲ ರೇಸಿನಲ್ಲಿ ಬಂದ ದುಡ್ಡನ್ನ ಎರಡನೇ ರೇಸಿಗೆ ಕಟ್ತಾರೆ, ಅಲ್ಲಿಂದ ಮೂರನೇದಕ್ಕೆ. ಸರಾಸರಿ ಅದೃಷ್ಟ ಇದ್ದವರ ನೂರು ಡಾಲರ್ ಮೊದಲ ಸುತ್ತಿಗೆ 82 ಡಾಲರ್ 50 ಸೆಂಟ್ ಆಗುತ್ತೆ. ಎರಡನೇ ಸುತ್ತಿಗೆ 68. ಮೂರನೇ ಸುತ್ತಿಗೆ 56. ನೂರಕ್ಕೆ 22 ಕಡಿಯೋ ಪೂಲ್‌ನಲ್ಲಾದರೆ ಮೂರು ಸುತ್ತಿಗೆ ಕೈಯಲ್ಲಿ ಉಳಿಯೋದು 47 ಚಿಲ್ಲರೆ. ಸಂಜೆಯ ಒಂಬತ್ತನೇ ರೇಸಿನ ಹೊತ್ತಿಗೆ ಜೇಬು ಖಾಲಿ. ಜೇಬು ಬೇಗ ಖಾಲಿಯಾದರೆ ಬಾಜಿ ಕಟ್ಟೋದೂ ಬೇಗ ನಿಲ್ಲುತ್ತೆ. ಆಗ ದರ ಏರಿಸಿದವರಿಗೂ ಸಿಗೋದು ಕಡಿಮೆ ಪೂಲ್‌ನ ದೊಡ್ಡ ಪಾಲು.

ಕ್ಯಾಲಿಫೋರ್ನಿಯಾ ಇದನ್ನ ಕಣ್ಣಾರೆ ಕಂಡಿದೆ. 2010ರಲ್ಲಿ ಅಲ್ಲಿನ ಶಾಸನಸಭೆ ಪರ್ಸ್ ಹೆಚ್ಚಿಸಬೇಕು ಅಂತ ಹೊಸ ಕಾನೂನು ತಂದಿತು. 20.68 ಇದ್ದ ಟೇಕ್‌ಔಟ್ 2011ರಿಂದ ಎರಡು ಕುದುರೆಯ ಬಾಜಿಗೆ 22.68, ಮೂರು ಅಥವಾ ಹೆಚ್ಚಿನ ಕುದುರೆಯ ಬಾಜಿಗೆ 23.68 ಆಯಿತು. ಬಾಜಿ ಕಟ್ಟೋರು ಸುಮ್ಮನಿರಲಿಲ್ಲ, ಕ್ಯಾಲಿಫೋರ್ನಿಯಾದ ರೇಸ್‌ಗಳಿಗೆ ಬಹಿಷ್ಕಾರದ ಕರೆ ಕೊಟ್ಟರು. ಕೆಂಟಕಿಯ ಕೀನ್‌ಲ್ಯಾಂಡ್ ರೇಸ್ ಕೋರ್ಸ್ ಕೂಡ 2017ರಲ್ಲಿ ದರ ಏರಿಸಿತು, ಮುಂದಿನ ವರ್ಷವೇ ವಿನ್, ಪ್ಲೇಸ್, ಶೋ ದರವನ್ನ ಹಿಂದಿನ 16ಕ್ಕೆ ಇಳಿಸಿತು. ತಪ್ಪು ತಿದ್ದಿಕೊಂಡಿದ್ದಕ್ಕೆ ಅವರನ್ನ ಮೆಚ್ಚಲೇಬೇಕು.

(ಪರದೆ: ನ್ಯೂಯಾರ್ಕ್, ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ)

ಈಗ ನ್ಯೂಯಾರ್ಕ್. ಹಂಚಿಕೆಯ ಕಾನೂನು ಹೇಗಿರಬಾರದು ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಈ ಊರನ್ನ.

ಆ ರಾಜ್ಯದ ಸಂವಿಧಾನಕ್ಕೆ 1939ರಲ್ಲಿ ಒಂದು ತಿದ್ದುಪಡಿ ಆಯಿತು. ಕುದುರೆ ರೇಸಿನ ಪ್ಯಾರಿಮ್ಯುಚುಯೆಲ್ ಬಾಜಿಗೆ ಒಪ್ಪಿಗೆ ಕೊಡುತ್ತಲೇ, ಅದರಿಂದ ಸರ್ಕಾರ ನಡೆಸೋಕೆ ನ್ಯಾಯವಾದ ಆದಾಯ ಬರಬೇಕು ಅಂತ ಅಲ್ಲೇ ಬರೆದರು. ಬಾಜಿಗೆ ಬಾಗಿಲು ತೆರೆದ ಸಾಲಿನಲ್ಲೇ ಖಜಾನೆಯ ಪಾಲನ್ನೂ ಸೇರಿಸಿದರು. ಆಮೇಲೆ 1971ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರ ತನ್ನದೇ ಬಾಜಿ ಅಂಗಡಿಗಳನ್ನ ಶುರು ಮಾಡಿತು. ಹೆಸರು ಓಟಿಬಿ, ಅಂದರೆ ಆಫ್ ಟ್ರ್ಯಾಕ್ ಬೆಟ್ಟಿಂಗ್. ರೇಸ್ ಕೋರ್ಸಿಗೆ ಹೋಗದೆ ಬೀದಿಯಲ್ಲೇ ಟಿಕೆಟ್ ತಗೋಬಹುದು. ಮೇಯರ್ ಜಾನ್ ಲಿಂಡ್ಸೆ ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಮೊದಲ ಬಾಜಿ ಕಟ್ಟಿದರು. ಕಳ್ಳ ಬುಕ್ಕಿಗಳ ಕೈಗೆ ಹೋಗ್ತಿದ್ದ ದುಡ್ಡು ನಗರಕ್ಕೆ ಬರಲಿ ಅನ್ನೋ ಲೆಕ್ಕಾಚಾರ.

ದುಡ್ಡೇನೋ ಬಂತು. ಆದರೆ ಪಂಕ್ತಿಯಲ್ಲಿ ಮೊದಲು ಕೂತವರು ಬಹಳ ಜನ. ರಾಜ್ಯಕ್ಕೆ ಪಾಲು, ರೇಸ್ ಕೋರ್ಸ್‌ಗಳಿಗೆ ಪಾಲು, ಪರ್ಸ್‌ಗೆ ಪಾಲು, ತಳಿ ನಿಧಿಗೆ ಪಾಲು. ಇವೆಲ್ಲ ಲಾಭದ ಮೇಲೆ ಅಲ್ಲ, ಒಟ್ಟು ಬಾಜಿಯ ಮೇಲೆ. ಬಾಡಿಗೆ, ಸಂಬಳ, ಕರೆಂಟ್ ಬಿಲ್ ಕಟ್ಟೋಕೆ ಮುಂಚೆಯೇ ಕಾನೂನಿನ ಪಾಲು ಎತ್ತಿಡಬೇಕು. ಸಾಲದು ಅಂತ, ಗೆದ್ದವರ ದುಡ್ಡಿನಿಂದ ನೂರಕ್ಕೆ 5 ಡಾಲರ್ ಸರ್ಚಾರ್ಜ್ ಬೇರೆ. ಅದೇ ಕುದುರೆ, ಅದೇ ರೇಸ್. ರೇಸ್ ಕೋರ್ಸಿನ ಕೌಂಟರ್‌ನಲ್ಲಿ ನೂರು ಸಿಕ್ಕರೆ ಓಟಿಬಿ ಅಂಗಡಿಯಲ್ಲಿ 95. ಒಮ್ಮೆ ಗೆದ್ದು ಐದು ಡಾಲರ್ ಕಳಕೊಂಡವನು ಮುಂದಿನ ಸಲ ಎಲ್ಲಿಗೆ ಹೋಗ್ತಾನೆ ಹೇಳಿ?

2009ರ ಡಿಸೆಂಬರ್‌ನಲ್ಲಿ ಓಟಿಬಿ ದಿವಾಳಿ ಅರ್ಜಿ ಹಾಕಿತು. ಒಂದು ವರ್ಷ ಚೌಕಾಸಿ ನಡೀತು. ಉಳಿಸೋ ಮಸೂದೆಗೆ ರಾಜ್ಯದ ಸೆನೆಟ್‌ನಲ್ಲಿ ಮತ ಸಾಲಲಿಲ್ಲ. 2010ರ ಡಿಸೆಂಬರ್‌ನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿತು, ಸುಮಾರು ಸಾವಿರ ಜನರ ಕೆಲಸ ಹೋಯಿತು. ಪ್ರತಿ ವರ್ಷ ಕೋಟಿಗಟ್ಟಲೆ ಡಾಲರ್ ಬಾಜಿ ತಗೊಳ್ತಿದ್ದ ಸಂಸ್ಥೆ ನಷ್ಟದಲ್ಲಿ ಮುಳುಗಿತು ಅಂದರೆ, ಆ ಹಂಚಿಕೆಯನ್ನ ಬರೆದವರು ಕೊನೆಯ ಪಂಕ್ತಿಗೆ ಏನು ಉಳಿಯುತ್ತೆ ಅಂತ ಯೋಚಿಸಲೇ ಇಲ್ಲ ಅನ್ನಿಸುತ್ತೆ.

ಒಂದು ರಾಜ್ಯದ ರೇಸಿಗೆ ಇನ್ನೊಂದು ರಾಜ್ಯದಲ್ಲಿ ಕೂತು ಬಾಜಿ ಕಟ್ಟಿದರೆ ಹೇಗೆ? ಅದಕ್ಕೆ 1978ರ ಅಂತರರಾಜ್ಯ ಕುದುರೆ ರೇಸ್ ಕಾಯ್ದೆ ಇದೆ. ಕೇಂದ್ರದ ಕೈ ಇರೋದು ಇಲ್ಲಿ. ರೇಸ್ ನಡೆಸೋ ಕೋರ್ಸ್, ಎರಡೂ ಕಡೆಯ ರೇಸಿಂಗ್ ಆಯೋಗಗಳು ಒಪ್ಪಬೇಕು, ಮಾಲೀಕರ ಸಂಘದ ಜೊತೆ ಒಪ್ಪಂದವೂ ಇರಬೇಕು. ಈಗ ಬಾಜಿಯ ಬಹುಪಾಲು ಬರೋದು ಹೀಗೆ ದೂರದಿಂದಲೇ. 2024ರ ಡರ್ಬಿ ಒಂದೇ ರೇಸಿಗೆ ಸುಮಾರು 21 ಕೋಟಿ ಡಾಲರ್ ಬಾಜಿ ಬಿತ್ತು. ಅದು ಆ ಮೈದಾನದಲ್ಲಿ ನಿಂತವರ ಜೇಬಿನದಷ್ಟೇ ಅಲ್ಲ.

(ಪರದೆ: ಮತ್ತೆ 32.42)

ಈಗ ಆ ಸೆಂಟ್‌ಗಳ ವಿಷಯ. ಲೆಕ್ಕ ಹಾಕಿದಾಗ ಒಂದು ಡಾಲರ್‌ಗೆ ಕೊಡಬೇಕಾದ್ದು 1 ಡಾಲರ್ 19 ಸೆಂಟ್ ಅಂತ ಬಂತು ಅಂದುಕೊಳ್ಳಿ. ಹಳೇ ಕಾನೂನಿನ ಪ್ರಕಾರ ಹತ್ತು ಸೆಂಟಿನ ಗುಣಕಕ್ಕೆ ಕೆಳಗಿಳಿಸಿ 1 ಡಾಲರ್ 10 ಸೆಂಟ್ ಕೊಟ್ಟರೆ ಸಾಕು. ಉಳಿದ 9 ಸೆಂಟಿಗೆ ಬ್ರೇಕೇಜ್ ಅಂತ ಹೆಸರು. ಚಿಲ್ಲರೆ ಅಂತ ಬಿಡಬೇಡಿ. ಗೆದ್ದವನ ಲಾಭ ಇದ್ದದ್ದೇ 19 ಸೆಂಟ್, ಅದರಲ್ಲಿ 9 ಹೋಯಿತು. ಕೌಂಟರಿನಲ್ಲಿ ಕೈಯಿಂದ ನಾಣ್ಯ ಎಣಿಸಿ ಕೊಡ್ತಿದ್ದ ಕಾಲಕ್ಕೆ ಇದಕ್ಕೊಂದು ಅರ್ಥ ಇತ್ತು. ಕಂಪ್ಯೂಟರ್ ಲೆಕ್ಕ ಹಾಕೋ ಕಾಲದಲ್ಲಿ ಅದು ಹೆಸರಿಲ್ಲದ ಇನ್ನೊಂದು ಟೇಕ್‌ಔಟ್. 2022ರಲ್ಲಿ ಕೆಂಟಕಿ ಇದನ್ನ ಕಿತ್ತುಹಾಕಿ, ಕೊನೆಯ ಸೆಂಟ್‌ವರೆಗೂ ಕೊಡಬೇಕು ಅಂತ ಕಾನೂನು ಮಾಡಿದ ಮೊದಲ ರಾಜ್ಯ ಆಯಿತು. ಮೇಜ್ ಗೆದ್ದಾಗ 32.42 ಬಂದದ್ದು ಅದಕ್ಕೇ. ಹಳೇ ಲೆಕ್ಕದಲ್ಲಾದರೆ ಎರಡು ಡಾಲರ್ ಟಿಕೆಟ್ಟಿಗೆ 32.40 ಕೊಟ್ಟು ಕಳಿಸ್ತಿದ್ದರು.

ಕೊನೆಯದಾಗಿ, ಯಾರೂ ಬಂದು ಕೇಳದ ದುಡ್ಡು.

1973ರಲ್ಲಿ ಸೆಕ್ರೆಟೇರಿಯಟ್ ಅನ್ನೋ ಕುದುರೆ ನ್ಯೂಯಾರ್ಕಿನ ಬೆಲ್ಮಾಂಟ್ ಸ್ಟೇಕ್ಸ್ ರೇಸನ್ನ 31 ಲೆಂತ್‌ಗಳಿಂದ, ಅಂದರೆ 31 ಕುದುರೆಗಳ ಉದ್ದದಷ್ಟು ಅಂತರದಿಂದ ಗೆದ್ದಿತು. ಎರಡು ಡಾಲರಿಗೆ ಬರೀ 2 ಡಾಲರ್ 20 ಸೆಂಟ್. ಗೆದ್ದ ಟಿಕೆಟ್‌ಗಳಲ್ಲಿ 5,617 ಟಿಕೆಟ್‌ಗಳನ್ನ ಯಾರೂ ವಾಪಸ್ ತರಲೇ ಇಲ್ಲ, ನೆನಪಿಗೆ ಇಟ್ಟುಕೊಂಡರು. ಹೀಗೆ ಉಳಿಯೋ ಹಣವೂ ಕಾನೂನಿನ ಕಣ್ಣು ತಪ್ಪಲ್ಲ, ರಾಜ್ಯದಿಂದ ರಾಜ್ಯಕ್ಕೆ ಅದರ ದಾರಿ ಬೇರೆ ಬೇರೆ.

ಕೆಂಟಕಿಯಲ್ಲಿ ಅದು ರೇಸಿಂಗ್ ಆರೋಗ್ಯ ಮತ್ತು ಕ್ಷೇಮ ನಿಧಿಗೆ ಸೇರುತ್ತೆ. ಕುದುರೆ ಒದ್ದು ಪಕ್ಕೆಲುಬು ಮುರಿದುಕೊಂಡ ಆಳು, ಬೆಳಗಿನ ಓಟದಲ್ಲಿ ಬಿದ್ದ ಸವಾರ, ಅವರ ಹೆಂಡತಿ ಮಕ್ಕಳು, ಇಂಥವರ ವೈದ್ಯಕೀಯ ಖರ್ಚಿಗೆ ಅದು ಆಧಾರ. ಯಾರಿಗೆಲ್ಲ ನೆರವು ಕೊಡಬಹುದು ಅಂತ ಕಾನೂನಿನಲ್ಲೇ ಪಟ್ಟಿ ಇದೆ. ಜಾಕಿ ಇದ್ದಾರೆ, ಜಾಕಿಗೆ ಜೀನು ಬಟ್ಟೆ ಸಿದ್ಧ ಮಾಡೋ ಸಹಾಯಕರಿದ್ದಾರೆ, ಲಾಯದ ಆಳುಗಳಿದ್ದಾರೆ. ಅದೇ ಪಟ್ಟಿಯಲ್ಲಿ ಕಿಟಕಿಯ ಹಿಂದೆ ಕೂತು ಬಾಜಿ ಟಿಕೆಟ್ ಹರಿದು ಕೊಡೋ ಗುಮಾಸ್ತರೂ ಇದ್ದಾರೆ.